ಗುಳ್ಳವ್ವನ ಮುಂದೆ ತಗಡವ್ವ

ಕೇಳುಗರೆಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಒಂದು ಸದ್ದು ಕೇಳಿ.

(ತುಂತುಣಿಯ ಸದ್ದು)

ಕೇಳಿಸಿತಾ? ಇನ್ನೊಮ್ಮೆ.

(ತುಂತುಣಿಯ ಸದ್ದು)

ಇದು ಹಾಲಿನ ಪುಡಿಯ ಡಬ್ಬಿ. ನಮ್ಮ ಕಾಕಿಯ ಕೂಸು ಕುಡಿದು ಮುಗಿಸಿದ ಮೇಲೆ ನನ್ನ ಪಾಲಿಗೆ ಬಂತು. ಅದಕ್ಕೆ ಸೇರಿದ್ದು ಒಂದು ಬಿದಿರಿನ ಕೋಲು, ಸೈಕಲ್ ಬ್ರೇಕ್ ತಂತಿಯ ಒಂದು ಎಳೆ, ಡ್ರಾಯಿಂಗ್ ಹಾಳೆ, ಮೈದಾ ಅಂಟು, ಕರಟದ ಒಂದು ಚೂರು. ಇಷ್ಟೇ. ಇದಕ್ಕೆ ತುಂತುಣಿ ಅಂತಾರೆ, ಒಂದೇ ತಂತಿಯ ವಾದ್ಯ. ಗೀಗೀ ಪದ, ಅಂದರೆ ನಮ್ಮ ಕಡೆಯ ಮೇಳದ ಜನಪದ ಹಾಡು, ಕೇಳಿದವರಿಗೆ ಗೊತ್ತಿರುತ್ತದೆ. ನಾನು ಮಾತ್ರ ತಗಡವ್ವ ಅಂತ ಕರೆಯುತ್ತೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಈಗ ಇದನ್ನು ಪಕ್ಕಕ್ಕಿಡುತ್ತೇನೆ. ಇಲ್ಲದಿದ್ದರೆ ನಾನು ಹಾಳೆ ತಿರುವಿದಾಗಲೆಲ್ಲ ಅದೂ ನಡುವೆ ಬಾಯಿ ಹಾಕುತ್ತದೆ.

ನಾನು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದವಳು. ವಯಸ್ಸು 16, ಪಿಯುಸಿ ಮೊದಲ ವರ್ಷ. ಸಂಗೀತದ ಪಾಠಕ್ಕೆ ಹೋದವಳಲ್ಲ. ಸ್ಟೇಜ್ ಹತ್ತಿ ಹಾಡಿದವಳೂ ಅಲ್ಲ. ಕಾಲೇಜಿನ ಫಾರ್ಮಿನಲ್ಲಿ ಹವ್ಯಾಸಗಳು ಅಂತ ಒಂದು ಸಾಲು ಇತ್ತು. ಹಾಡು ಕೇಳುವುದು, ಕೈಕೆಲಸ ಅಂತ ಬರೆದೆ. ಬರೆದ ಮೇಲೆ ಆ ಎರಡು ಮಾತಿನ ನಡುವಿನ ಅಲ್ಪವಿರಾಮ ಯಾಕೋ ಸರಿ ಕಾಣಲಿಲ್ಲ. ನನಗೆ ಇವು ಎರಡು ಕೆಲಸ ಅನ್ನಿಸಿದ್ದೇ ಇಲ್ಲ. ಕೈ ಖಾಲಿ ಇದ್ದರೆ ಹಾಡು ಕಿವಿಗೆ ಇಳಿಯುವುದಿಲ್ಲ. ಹಾಡು ಇಲ್ಲದಿದ್ದರೆ ಕೈ ಓಡುವುದಿಲ್ಲ.

ಇದು ಮನೆಯಿಂದ ಬಂದದ್ದು ಇರಬೇಕು. ಗುಳೇದಗುಡ್ಡ ಅಂದರೆ ಖಣದ ಊರು. ನಮ್ಮ ಕಡೆಯ ಹೆಣ್ಣುಮಕ್ಕಳ ಕುಪ್ಪಸದ ಬಟ್ಟೆ ಅದು. ಅಪ್ಪ ಮಗ್ಗದ ಮೇಲೆ ಕೂತರೆ ಲಾಳಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡುತ್ತದೆ. ಟಕ್ ಟಕಾ, ಟಕ್ ಟಕಾ. ನಾನು ಹುಟ್ಟಿದಾಗಿನಿಂದ ಕೇಳಿದ ತಾಳ ಇದು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿರುತ್ತಾಳೆ. ಮಗ್ಗದ ಸದ್ದು ಚೂರು ತಪ್ಪಿದರೆ ಸಾಕು, ಅಲ್ಲಿಂದಲೇ ಕೂಗುತ್ತಾಳೆ: "ಎಳಿ ಹರೀತ್ ನೋಡ್ರಿ!" ಅಪ್ಪ ಬಗ್ಗಿ ನೋಡಿದರೆ ಹರಿದೇ ಇರುತ್ತದೆ. ಕಣ್ಣಿಗೆ ಕಾಣುವ ಮುಂಚೆ ಕಿವಿಗೆ ಗೊತ್ತಾಗುತ್ತದೆ. ಅವ್ವನಿಗೆ ಸ್ವರ ಗೊತ್ತಿಲ್ಲ, ರಾಗ ಗೊತ್ತಿಲ್ಲ. ಆದರೆ ಆ ಕಿವಿ ನನಗೂ ಬರಲಿ ಅಂತ ಆಸೆ.

ನಾನು ಕೇಳುವ ಹಾಡುಗಳಿಗೆ ಹಿಡಿತ ಅಂತ ಏನೂ ಇಲ್ಲ. ಸಿನಿಮಾ ಹಾಡು, ವಚನ, ತತ್ವಪದ, ಮದುವೆ ಮೆರವಣಿಗೆಯ ಡಿಜೆ. ಕೊರಿಯಾದ ಹಾಡೂ ಕೇಳುತ್ತೇನೆ, ಅರ್ಥ ಒಂದಕ್ಷರ ಗೊತ್ತಿಲ್ಲ. ಇಯರ್‌ಫೋನಿನ ಎಡಗಡೆಯದು ಕೆಟ್ಟು ವರ್ಷವಾಯಿತು. ಹೀಗಾಗಿ ಒಂದು ಕಿವಿಗೆ ಹಾಡು, ಇನ್ನೊಂದಕ್ಕೆ ಮನೆ.

ಆಯಿ, ಅಂದರೆ ನನ್ನ ಅಜ್ಜಿ, ಕೌದಿ ಹೊಲಿಯುತ್ತಾಳೆ. ಹಳೇ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ಅರಿವಿ ಚೂರು ಜೋಡಿಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿದರೆ ಕೌದಿ. ಕಳೆದ ಬೇಸಿಗೆ ರಜೆಯಲ್ಲಿ ಒಂದು ಮೂಲೆ ನನಗೆ ಕೊಟ್ಟಳು. ನಾನು ಇಯರ್‌ಫೋನ್ ಹಾಕಿಕೊಂಡೇ ಹೊಲಿದೆ. ಒಂದು ವಾರ ಆದ ಮೇಲೆ ಆಯಿ ಆ ಮೂಲೆಯ ಮೇಲೆ ಬೆರಳಾಡಿಸಿ ಕೇಳಿದಳು: "ಇಲ್ಲಿ ಹೊಲಗಿ ಇಷ್ಟ ಸಣ್ಣ ಅದ, ಇಲ್ಲಿ ಯಾಕ ಕಪ್ಪಿ ಜಿಗದಂಗ ಜಿಗದೈತಿ?"

ನೋಡಿದೆ. ನಿಜ. ನಿಧಾನದ ಹಾಡು ಬಂದ ಕಡೆ ಹೊಲಿಗೆ ಜೋಳದ ಕಾಳಿನಷ್ಟು. ಡಿಜೆ ಹಾಡು ಬಂದ ಕಡೆ ಬೆರಳುದ್ದ. ಹಾಡು ಬದಲಾದ ಜಾಗ ಕೌದಿಯ ಮೇಲೆ ಬರೆದಿಟ್ಟಂತೆ ಕಾಣುತ್ತಿತ್ತು. ಆಯಿ ಬಿಚ್ಚು ಅಂದಳು. ನಾನು ಬಿಚ್ಚಲಿಲ್ಲ. ಆ ಮೂಲೆ ಈಗಲೂ ಹಾಗೇ ಇದೆ. ರಾತ್ರಿ ಹೊದ್ದುಕೊಂಡಾಗ ಬೆರಳಿಟ್ಟು ಇದು ಯಾವ ಹಾಡು ಅಂತ ಹುಡುಕುತ್ತೇನೆ. ಎರಡು ಮೂರು ಸಿಕ್ಕಿವೆ.

ಟೇಲರ್ ಅಂಗಡಿಯಲ್ಲಿ ಖಣದ ಚೂರು ಬೀಸಾಡುತ್ತಾರೆ. ಅವನ್ನು ಆರಿಸಿ ತಂದು ಫೋನಿನ ಚೀಲ, ಪೆನ್ನಿನ ಚೀಲ ಮಾಡಿದ್ದೇನೆ. ಗೆಳತಿಯರು ಕೇಳಿ ಇಸಿದುಕೊಂಡು ಹೋಗುತ್ತಾರೆ. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ, ಮುಂದೆ ಹೋಗೋಣ.

ಹೇಳಬೇಕಾದದ್ದು ಬಾಟಲಿಯ ಕಥೆ. ಒಂದು ದಿನ ಅಡುಗೆಮನೆಯ ಪಿಂಗಾಣಿ ಬಟ್ಟಲುಗಳಿಗೆ ನೀರು ತುಂಬಿ ಚಮಚದಿಂದ ಬಡಿಯುತ್ತಾ ಕೂತೆ. ಜಲತರಂಗ ಅಂತ ದೊಡ್ಡವರು ನುಡಿಸುವುದೂ ಇದನ್ನೇ, ಅವರಿಗೆ ಬರುತ್ತದೆ, ನನಗೆ ಬರುವುದಿಲ್ಲ ಅಷ್ಟೇ. ನೀರು ಜಾಸ್ತಿ ಹಾಕಿದಷ್ಟೂ ಸದ್ದು ಕೆಳಗಿಳಿಯುತ್ತಿತ್ತು. ಸರಿ, ನೀರು ಅಂದರೆ ಕೆಳಗಿನ ಸ್ವರ ಅಂತ ಗಟ್ಟಿ ಮಾಡಿಕೊಂಡೆ. ಆಮೇಲೆ ಗಾಜಿನ ಬಾಟಲಿ ತಂದು ಬಾಯಿಗೆ ತುಟಿ ಹಚ್ಚಿ ಊದಿದೆ. ಅರ್ಧ ನೀರು ತುಂಬಿ ಊದಿದೆ. ಸದ್ದು ಮೇಲೇರಿತು! ಇದೇನಿದು ಅಂತ ಅದೇ ಬಾಟಲಿಯನ್ನು ಚಮಚದಿಂದ ಬಡಿದೆ. ಕೆಳಗಿಳಿಯಿತು. ಒಂದೇ ಬಾಟಲಿ, ಅಷ್ಟೇ ನೀರು. ಊದಿದರೆ ಒಂದು ಮಾತು, ಬಡಿದರೆ ಇನ್ನೊಂದು ಮಾತು.

ಎರಡು ದಿನ ತಲೆ ಕೆಡಿಸಿಕೊಂಡೆ. ಕಾಲೇಜಿನ ಫಿಸಿಕ್ಸ್ ಮೇಡಂ ನಕ್ಕು ಹೇಳಿದರು: ಬಡಿದಾಗ ನಡುಗುವುದು ಗಾಜು. ನೀರು ಅದರ ಮೈಮೇಲಿನ ಭಾರ. ಭಾರ ಹೊತ್ತವರು ನಿಧಾನ ನಡುಗುತ್ತಾರೆ, ಅದಕ್ಕೆ ಸದ್ದು ಕೆಳಗೆ. ಊದಿದಾಗ ನಡುಗುವುದು ಒಳಗಿನ ಗಾಳಿ. ನೀರು ತುಂಬಿದಷ್ಟೂ ಗಾಳಿಗೆ ಜಾಗ ಕಡಿಮೆ. ಸಣ್ಣ ಜಾಗದ ಗಾಳಿ ಬೇಗ ಬೇಗ ನಡುಗುತ್ತದೆ, ಅದಕ್ಕೆ ಸದ್ದು ಮೇಲೆ. ಇದನ್ನು ಪುಸ್ತಕದಲ್ಲಿ ಓದಿದ್ದರೆ ಪರೀಕ್ಷೆ ಮುಗಿದ ದಿನವೇ ಮರೆಯುತ್ತಿದ್ದೆ. ಅಂದಹಾಗೆ, ಒಂದು ಬಟ್ಟಲು ಬಿರುಕು ಬಿಟ್ಟಿತ್ತು. ಅವ್ವನಿಗೆ ಇವತ್ತಿನವರೆಗೆ ಹೇಳಿಲ್ಲ. ರೇಡಿಯೋದಲ್ಲಿ ಹೇಳಿದ ಹಾಗಾಯಿತು ನೋಡಿ.

ಇನ್ನು ತುಂತುಣಿ. ನಮ್ಮ ಮುತ್ಯಾ, ಅಂದರೆ ಅಜ್ಜ, ಗೀಗೀ ಮೇಳದ ಹುಚ್ಚಿನವರು. ಹರೆಯದಲ್ಲಿ ಜಾತ್ರೆ ಜಾತ್ರೆಗೆ ನಡೆದು ಹೋಗಿ ಬೆಳಗಿನವರೆಗೆ ಹರದೇಶಿ ನಾಗೇಶಿ ಕೇಳಿದವರು. ಹರದೇಶಿಯವರು ಗಂಡೇ ಹೆಚ್ಚು ಅಂತ ಹಾಡುತ್ತಾರೆ, ನಾಗೇಶಿಯವರು ಹೆಣ್ಣೇ ಹೆಚ್ಚು ಅಂತ. ಸವಾಲಿಗೆ ಜವಾಬು. ಯಾರು ಗೆದ್ದರು ಅಂತ ಕೇಳಿದರೆ ಮುತ್ಯಾ ಆಯಿಯ ಮುಖ ನೋಡಿ ಸುಮ್ನೆ ಆಗುತ್ತಾರೆ. ಮುಂದೆ ನಿಂತವರ ಕೈಯಲ್ಲಿ ದಪ್ಪು, ಹಿಂದೆ ತಾಳ, ತುಂತುಣಿ. ಆ ತುಂತುಣಿ ಹೇಗಿರುತ್ತದೆ ಅಂತ ಮುತ್ಯಾ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದರು. ಮೇಲೆ ಬಾಯಿ ತೆರೆದ ಕೊಳವೆ. ತಳಕ್ಕೆ ಬಿಗಿದ ಚರ್ಮ. ಚರ್ಮದ ನಡುವಿನಿಂದ ಹೊರಟ ತಂತಿ ಕೊಳವೆಯೊಳಗಿಂದ ಮೇಲೆ ಬಂದು, ಪಕ್ಕದ ಕೋಲಿನ ತುದಿಯ ಗೂಟಕ್ಕೆ ಸುತ್ತಿಕೊಳ್ಳುತ್ತದೆ. ಗೂಟ ತಿರುವಿದರೆ ಬಿಗಿ.

ನಾನು ಮೊದಲು ಡಬ್ಬಿಯ ತಳ ತೆಗೆಯಲೇ ಇಲ್ಲ. ತಗಡಿಗೇ ಮೊಳೆಯಿಂದ ತೂತು ಹೊಡೆದು ತಂತಿ ಪೋಣಿಸಿದೆ. ಮೀಟಿದರೆ ಬಸ್ಸಿನ ಕಿಟಕಿ ಅಲುಗಿದ ಹಾಗೆ ಕೇಳಿತು. ಮುತ್ಯಾ, "ತಂಗಿ, ಇದು ಹಾಡೂದಿಲ್ಲ, ಜಗಳಾ ತಗೀತೈತಿ" ಅಂದರು. ತಳ ಕತ್ತರಿಸಿ ಬಲೂನು ಬಿಗಿದೆ. ಎರಡನೇ ದಿನಕ್ಕೆ ಹರಿಯಿತು. ಹಾಲಿನ ಪ್ಯಾಕೆಟ್ ಬಿಗಿದೆ. ಸದ್ದೇ ಇಲ್ಲ. ಕೊನೆಗೆ ಡ್ರಾಯಿಂಗ್ ಹಾಳೆಯನ್ನು ನೀರಲ್ಲಿ ನೆನೆಸಿ, ಮೈದಾ ಅಂಟು ಹಚ್ಚಿ, ಒಂದರ ಮೇಲೊಂದು ನಾಲ್ಕು ಪದರ ಅಂಟಿಸಿ ಬಿಸಿಲಿಗಿಟ್ಟೆ. ಒದ್ದೆ ಕಾಗದ ಒಣಗುವಾಗ ಕುಗ್ಗುತ್ತದೆ. ಕುಗ್ಗಿ ತಾನೇ ಬಿಗಿಯಾಗುತ್ತದೆ. ಸಂಜೆ ಬೆರಳಿಂದ ತಟ್ಟಿದರೆ ಸಣ್ಣ ಹಲಗಿ ವಾದ್ಯದ ಹಾಗೆ ಢಂ ಅಂದಿತು! ತಂತಿ ಕಾಗದವನ್ನು ಸೀಳಬಾರದಲ್ವಾ, ಅದಕ್ಕೆ ಕರಟದ ಚೂರಿಗೆ ತೂತು ಮಾಡಿ ತಳಕ್ಕೆ ಗುಂಡಿಯ ಹಾಗೆ ಕೊಟ್ಟೆ. ಆ ಉಪಾಯ ಮುತ್ಯಾ ಅವರದು. ಬ್ರೇಕ್ ತಂತಿಯ ಎಳೆ ಬೆರಳು ಕೊಯ್ದದ್ದು ಮಾತ್ರ ನನ್ನದೇ ಸಾಧನೆ.

ಮೀರಜ್‌ನಲ್ಲಿ ಸೋರೆಬುರುಡೆಯಿಂದ ತಂಬೂರಿ ಮಾಡುತ್ತಾರೆ, ಬೆಳಗಾವಿಯಿಂದ ಬಹಳ ದೂರವೇನಲ್ಲ. ಅವರ ಕೆಲಸದ ಮುಂದೆ ನನ್ನದು ಡಬ್ಬಿಯೇ. ಆದರೆ ಅಂದು ರಾತ್ರಿ ಮೊದಲ ಸಲ ಒಂದೇ ಸ್ವರ ಗುಂಯ್ ಅಂತ ನಿಂತಾಗ ಮಗ್ಗ ನಿಲ್ಲಿಸಿ ಅಪ್ಪ ಹೊರಗೆ ಬಂದಿದ್ದರು. ಏನೂ ಹೇಳಲಿಲ್ಲ. ಕೇಳಿ ಒಳಗೆ ಹೋದರು.

ಹೆಸರಿನ ವಿಷಯ ಹೇಳುತ್ತೇನೆ ಅಂದಿದ್ದೆ. ಶಾಲೆಯ ಪ್ರವಾಸದಲ್ಲಿ ವಿಜಯಪುರಕ್ಕೆ ಹೋಗಿದ್ದೆವು. ಗೋಳಗುಮ್ಮಟದಲ್ಲಿ ಎಲ್ಲರ ಹಾಗೆ ಕೂಗಿದೆವು, ಚಪ್ಪಾಳೆ ಹೊಡೆದೆವು. ಅದು ನನಗೆ ಅಷ್ಟು ಹಿಡಿಸಲಿಲ್ಲ. ನೂರು ಮಕ್ಕಳು ಒಟ್ಟಿಗೆ ಕೂಗಿದರೆ ಪಿಸುಮಾತು ಯಾರಿಗೆ ಕೇಳೀತು? ಇಬ್ರಾಹಿಂ ರೋಜಾದಲ್ಲಿ ಮಾತ್ರ ಇತಿಹಾಸದ ಸರ್ ನೆರಳಲ್ಲಿ ಕೂರಿಸಿ ಕಥೆ ಹೇಳಿದರು. ಅಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್‌ಶಾಹ 1580 ರಿಂದ 1627 ರವರೆಗೆ ಆಳಿದವನು. ತಾನೇ ಹಾಡು ಬರೆಯುತ್ತಿದ್ದ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟು, ಹಾಡಿನಲ್ಲೂ ಅದನ್ನು ಹೊಗಳಿದ್ದ. ಸುಲ್ತಾನನೊಬ್ಬ ತಂಬೂರಿಗೆ ಹೆಸರಿಡಬಹುದಾದರೆ ನಾನು ಡಬ್ಬಿಗೆ ಇಡಬಾರದಾ? ತಗಡಿನಿಂದ ಹುಟ್ಟಿದ್ದು, ತಗಡವ್ವ.

ಹಾಡು ಕೇಳಿ ಕೇಳಿಯೇ ಕಲಿಯುವುದಕ್ಕೂ ನಮ್ಮ ಕಡೆ ದೊಡ್ಡ ಉದಾಹರಣೆ ಇದೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924 ರಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ ಗ್ರಾಮಫೋನ್ ತಟ್ಟೆ ಕೇಳಿ, ದೊಡ್ಡ ದೊಡ್ಡ ಉಸ್ತಾದರು ಹಾಡಿದ್ದನ್ನು ಇದ್ದ ಹಾಗೇ ಹಾಡಿಬಿಡುತ್ತಿದ್ದ. ಅವನೇ ಮುಂದೆ ಹೆಸರಾದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವ. ನಾನೂ ಹಾಗೆ ಮಾಡಲು ಹೋದೆ. ಪಕ್ಕದ ಮನೆಯ ಅತ್ತಿ ಬಂದು ಹುಷಾರಿದ್ದೀಯೇನು ಅಂತ ಕೇಳಿದರು. ಹೀಗಾಗಿ ತಗಡವ್ವನೇ ಗತಿ.

ಈ ವರ್ಷದ ಆಷಾಢದ ಮಾತಿಗೆ ಬರುತ್ತೇನೆ. ಮಣ್ಣೆತ್ತಿನ ಅಮಾವಾಸ್ಯೆ ಆದ ಮೇಲೆ ಬರುವ ಮಂಗಳವಾರಗಳಲ್ಲಿ ನಮ್ಮ ಕಡೆ ಹುಡುಗಿಯರು ಮಣ್ಣು ತಂದು ಗುಳ್ಳವ್ವ ಎಂಬ ದೇವಿಯ ಮೂರ್ತಿ ಮಾಡುತ್ತಾರೆ. ಮಣ್ಣಿಗೆ ಗುಲಗಂಜಿ, ಕುಸುಬಿ ಒತ್ತಿ ಸಿಂಗಾರ. ತಟ್ಟೆಯಲ್ಲಿಟ್ಟು ಮನೆ ಮನೆಗೆ ಹೋಗಿ ಹಾಡು ಹೇಳುವುದು, ಕೊನೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಣ್ಣುವುದು. ನೀನು ದೊಡ್ಡವಳಾದೆ, ನಿನಗ್ಯಾಕೆ ಗುಳ್ಳವ್ವ ಅಂತ ಗೆಳತಿಯರು ಅಂದರು. ನಾನು ತಂಗಿಯ ನೆಪ ಹೇಳಿ ಹೋದೆ. ನಿಜ ಹೇಳಬೇಕೆಂದರೆ ಗುಳ್ಳವ್ವನ ಮೂಗು ತಿದ್ದುವುದು ನನಗೆ ಇಷ್ಟ.

ಚಿಕ್ಕ ಹುಡುಗಿಯರಿಗೆ ಹಾಡು ಪೂರ್ತಿ ಬರುತ್ತಿರಲಿಲ್ಲ. ಒಬ್ಬಳದು ಮೇಲೆ, ಒಬ್ಬಳದು ಕೆಳಗೆ. ಆಯಿಯಿಂದ ನಾಲ್ಕು ಸಾಲು ಕೇಳಿ ಬರೆದುಕೊಂಡು ಹೇಳಿಕೊಟ್ಟೆ. ತಗಡವ್ವನ ಗುಂಯ್ ಸಿಕ್ಕಿದ ಮೇಲೆ ಎಲ್ಲರೂ ಒಂದೇ ಕಡೆ ನಿಂತರು. ಮೊದಲ ಮನೆ ಚೆನ್ನಾಗಾಯಿತು. ಎರಡನೆಯದೂ. ಮುತ್ಯಾ ನಮ್ಮ ಹಿಂದೆಯೇ ಬರುತ್ತಿದ್ದರು.

ಅಂದು ಬೆಳಗಿನಿಂದ ಜಿನುಗು ಮಳೆ. ಮಳೆಗಾಲದಲ್ಲಿ ಹಲಗಿ ಬಾರಿಸುವವರು ಕಸಕಡ್ಡಿಗೆ ಬೆಂಕಿ ಹಾಕಿ ಹಲಗಿ ಕಾಯಿಸುವುದನ್ನು ನಾನು ನೋಡಿದ್ದೇನೆ. ಚರ್ಮ ಥಂಡಿ ಹಿಡಿದರೆ ಸಡಿಲವಾಗುತ್ತದೆ. ಕಾಗದವೂ ಅಷ್ಟೇ ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೂರನೇ ಮನೆಯಿಂದ ತಳದ ಕಾಗದ ಮೆತ್ತಗಾಗುತ್ತಾ ಬಂತು, ತಂತಿ ಸಡಿಲವಾಯಿತು, ಸ್ವರ ಇಳಿಯಿತು. ಮನೆಗೆ ಒಂದಿಷ್ಟು, ಮನೆಗೆ ಒಂದಿಷ್ಟು. ನಾನೂ ಹಾಡುತ್ತಿದ್ದೆನಲ್ಲ, ಗೊತ್ತಾಗಲಿಲ್ಲ. ತಗಡವ್ವ ಇಳಿದ ಹಾಗೆ ನಾವೂ ಇಳಿದೆವು, ಒಬ್ಬಳೂ ತಪ್ಪದೆ. ಓಣಿಯ ಕೊನೆಯ ಮನೆಗೆ ಬರುವಷ್ಟರಲ್ಲಿ ಏಳೆಂಟು ವರ್ಷದ ಹುಡುಗಿಯರೆಲ್ಲ ಗಂಡಸರ ಹಾಗೆ ಗಂಟಲಿನ ತಳದಿಂದ ಹಾಡುತ್ತಿದ್ದರು.

ಆ ಮನೆಯ ಅಜ್ಜಿ ಬಾಗಿಲು ತೆರೆದು, "ಯಾಕ್ರೇ, ಎಲ್ಲಾರಿಗೂ ನೆಗಡಿ ಆಗೇತೇನ?" ಅಂತ ಕೇಳಿದರು. ಹಿಂದೆ ತಿರುಗಿ ನೋಡಿದರೆ ಮುತ್ಯಾ ಕಟ್ಟೆಯ ಮೇಲೆ ಕೂತು, ಪಟಕದ ತುದಿಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಎರಡನೇ ಮನೆ ದಾಟಿದಾಗಲೇ ಅವರಿಗೆ ಗೊತ್ತಾಗಿತ್ತಂತೆ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಎಲ್ಲಾರೂ ಕೂಡೇ ಇಳ್ಯಾಕ್ಹತ್ತಿದ್ರಿ, ನಡಕ ಯಾಕ ಬಾಯಿ ಹಾಕ್ಲಿ?" ಅಂದರು.

ತಗಡವ್ವ ಈಗ ಒಲೆಯ ಮಗ್ಗುಲಲ್ಲಿ ಒಣಗಿ ಮತ್ತೆ ಬಿಗಿಯಾಗಿದ್ದಾಳೆ. ಇಲ್ಲಿಗೆ ತರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದೆ. ಕೊನೆಗೊಮ್ಮೆ ಕೇಳಿ.

(ತುಂತುಣಿಯ ಸದ್ದು)

ನಮಸ್ಕಾರ.