52ರಲ್ಲಿ 27 ಕಳೆದರೆ 35: ತಪ್ಪು ಉತ್ತರದಿಂದ ಶುರುವಾಗುವ ಕ್ರಿಯಾ ಸಂಶೋಧನೆ

[ಪರದೆ ಮೇಲೆ: ಚೌಕುಳಿ ನೋಟ್‌ಬುಕ್ಕಿನ ಒಂದು ಹಾಳೆ, ಪೆನ್ಸಿಲ್ಲಲ್ಲಿ ಮೂರು ಲೆಕ್ಕ]

ನಮಸ್ಕಾರ. ಈ ಹಾಳೆ ನೋಡಿ. 52ರಲ್ಲಿ 27 ಕಳೆದರೆ 35 ಅಂತ ಬರೆದಿದೆ. 61ರಲ್ಲಿ 38 ಕಳೆದರೆ 37. 84ರಲ್ಲಿ 29 ಕಳೆದರೆ 65. ಮೂರೂ ತಪ್ಪು. ಮೂರಕ್ಕೂ ಕೆಂಪು ಇಂಟು ಹಾಕಿ, ಸೊನ್ನೆ ಕೊಟ್ಟು, ಮುಂದಿನ ಪುಸ್ತಕ ತೆಗೆದುಕೊಳ್ಳಬಹುದು. ನಲವತ್ತು ಪುಸ್ತಕ ತಿದ್ದೋದು ಬಾಕಿ ಇರುವಾಗ ಬಹಳ ಸಲ ಆಗೋದೂ ಅದೇ.

ಒಂದು ನಿಮಿಷ ನಿಂತು ನೋಡೋಣ. ಈ ಮಗು ಬೇಕಾಬಿಟ್ಟಿ ಬರೆದಿಲ್ಲ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗಲ್ಲ, ಅದಕ್ಕೆ 7ರಿಂದ 2 ಕಳೆದು 5 ಬರೆದಿದೆ. ಎರಡನೇ ಲೆಕ್ಕದಲ್ಲಿ 8ರಿಂದ 1, ಮೂರನೆಯದರಲ್ಲಿ 9ರಿಂದ 4. ಮೂರು ಲೆಕ್ಕಕ್ಕೂ ಒಂದೇ ನಿಯಮ, ಒಂದು ಕಡೆಯೂ ಆ ನಿಯಮ ಬಿಟ್ಟಿಲ್ಲ. ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಮಕ್ಕಳ ಕಳೆಯುವ ಲೆಕ್ಕಗಳನ್ನೇ ಕೂತು ವಿಶ್ಲೇಷಿಸಿ ಇದನ್ನು ತೋರಿಸಿದ್ರು: ಮಕ್ಕಳ ಎಷ್ಟೋ ತಪ್ಪುಗಳು ಅಜಾಗರೂಕತೆಯಿಂದ ಆಗಲ್ಲ, ಒಂದು ತಪ್ಪು ವಿಧಾನವನ್ನು ಶ್ರದ್ಧೆಯಿಂದ ಪಾಲಿಸೋದರಿಂದ ಆಗುತ್ತವೆ.

ಇದೇ ಮಗುವಿಗೆ 43ರಲ್ಲಿ 21 ಕಳೆ ಅಂತ ಕೊಡಿ, ಸರಿಯಾಗಿ 22 ಬರೆಯುತ್ತೆ. ಹಾಗಾಗಿ ಪರೀಕ್ಷೆಯಲ್ಲಿ ಅರ್ಧ ಅಂಕ ಬರುತ್ತೆ, "ಪರವಾಗಿಲ್ಲ, ಸುಮಾರು" ಅನ್ನೋ ಮಾತು ಬರುತ್ತೆ, ಮಗು ಅದೇ ನಿಯಮ ಹೊತ್ತುಕೊಂಡು ಮುಂದಿನ ತರಗತಿಗೆ ಹೋಗುತ್ತೆ. ಏಳನೇ ತರಗತಿಗೆ ಬರೋ ಹೊತ್ತಿಗೆ ಅದಕ್ಕೆ "ನಿಧಾನ ಕಲಿಕೆಯ ಮಗು" ಅಂತ ಹೆಸರು ಬಿದ್ದಿರುತ್ತೆ. ಈ ಹೆಸರು ನನಗೆ ಒಂದಿಷ್ಟೂ ಇಷ್ಟವಿಲ್ಲ. ಮಗುವಿಗೆ ಏನು ಗೊತ್ತು, ಎಲ್ಲಿ ಸಿಕ್ಕಿಕೊಂಡಿದೆ ಅಂತ ಅದು ಏನನ್ನೂ ಹೇಳಲ್ಲ. ಹುಡುಕಾಟವನ್ನೇ ನಿಲ್ಲಿಸಿಬಿಡುತ್ತೆ.

ಆ ಹುಡುಕಾಟವೇ ಕ್ರಿಯಾ ಸಂಶೋಧನೆ.

ಬಿ.ಎಡ್., ಡಿ.ಎಲ್.ಎಡ್. ಅಂತ ಶಿಕ್ಷಕ ತರಬೇತಿ ಮಾಡಿದವರಿಗೆಲ್ಲ ಈ ಮಾತು ಗೊತ್ತು. ನೆನಪಾಗೋದು ಬಹುಪಾಲು ಒಂದು ಸ್ಪೈರಲ್ ಬೈಂಡಿಂಗ್ ವರದಿ: ಪೀಠಿಕೆ, ಉದ್ದೇಶ, ಕ್ರಿಯಾ ಪ್ರಾಕ್ಕಲ್ಪನೆ, ಕೋಷ್ಟಕ, ಉಪಸಂಹಾರ, ಕೊನೆಗೆ ಒಂದು ಸಹಿ. ಆ ವರದಿಯನ್ನು ಪಕ್ಕಕ್ಕಿಡಿ. ತನ್ನ ತರಗತಿಯಲ್ಲಿ ಒಂದು ತೊಡಕು ಗುರುತಿಸಿ, ಅದಕ್ಕೆ ಕಾರಣ ಹುಡುಕಿ, ಒಂದು ಬದಲಾವಣೆ ಮಾಡಿ ನೋಡಿ, ಏನಾಯ್ತು ಅಂತ ಪ್ರಾಮಾಣಿಕವಾಗಿ ದಾಖಲಿಸಿ, ಅದರಿಂದ ಮುಂದಿನ ಹೆಜ್ಜೆ ಇಡೋದು. ಅಷ್ಟೇ ಕೆಲಸ. ಅದನ್ನು ಮಾಡೋದು ತರಗತಿಯ ಶಿಕ್ಷಕಿಯೇ, ಹೊರಗಿಂದ ಬಂದ ತಜ್ಞರಲ್ಲ.

[ಪರದೆ ಮೇಲೆ: ಕರ್ಟ್ ಲೆವಿನ್, 1890–1947]

ಈ ಚಿಂತನೆಯ ಮೂಲಕ್ಕೆ ಹೋದರೆ ಸಿಗೋದು ಕರ್ಟ್ ಲೆವಿನ್ ಅನ್ನೋ ಮನಃಶಾಸ್ತ್ರಜ್ಞ. ಯಹೂದಿ. 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮಾಂಸದ ಕೊರತೆ ಇತ್ತು. ಜನ ಸಾಮಾನ್ಯವಾಗಿ ತಿನ್ನದ ಗುಂಡಿಗೆ, ಮೂತ್ರಪಿಂಡದಂಥ ಭಾಗಗಳನ್ನು ಅಡುಗೆಗೆ ಬಳಸುವಂತೆ ಗೃಹಿಣಿಯರನ್ನು ಒಪ್ಪಿಸಬೇಕಿತ್ತು. ಲೆವಿನ್ ಕೆಲವು ಗುಂಪುಗಳಿಗೆ ಒಳ್ಳೆಯ ಉಪನ್ಯಾಸ ಕೊಡಿಸಿದ್ರು. ಇನ್ನು ಕೆಲವು ಗುಂಪುಗಳಲ್ಲಿ ಮಹಿಳೆಯರೇ ಕೂತು ಚರ್ಚಿಸಿ ತೀರ್ಮಾನಕ್ಕೆ ಬರುವಂತೆ ಮಾಡಿದ್ರು. ಉಪನ್ಯಾಸ ಕೇಳಿದವರಲ್ಲಿ ಹೊಸ ಅಡುಗೆ ಮಾಡಿದವರು ಶೇಕಡಾ 3. ತಾವೇ ತೀರ್ಮಾನಿಸಿದವರಲ್ಲಿ ಶೇಕಡಾ 32.

ಈ ಎರಡು ಅಂಕಿಗಳನ್ನು ನಮ್ಮ ಶಿಕ್ಷಕರ ತರಬೇತಿಗಳ ಪಕ್ಕದಲ್ಲಿಟ್ಟು ಯೋಚಿಸಿ. ಬಿಆರ್‌ಸಿಯ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ, ಸಭಾಂಗಣದಲ್ಲಿ ಇಡೀ ದಿನ ಪಿಪಿಟಿ ನೋಡಿ ಬಂದ ಮೇಲೆ ಸೋಮವಾರದ ತರಗತಿಯಲ್ಲಿ ಎಷ್ಟು ಬದಲಾಗುತ್ತೆ? ತನ್ನ ಮಕ್ಕಳ ತೊಡಕನ್ನು ತಾನೇ ಹುಡುಕಿದ ಶಿಕ್ಷಕಿ ಮಾತ್ರ ಅದನ್ನು ಅರ್ಧಕ್ಕೆ ಬಿಡಲ್ಲ.

ಲೆವಿನ್ 1946ರ ಲೇಖನದಲ್ಲಿ ಈ ವಿಧಾನಕ್ಕೆ ರೂಪ ಕೊಟ್ಟರು. 1953ರ ಹೊತ್ತಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಸ್ಟೀಫನ್ ಕೋರಿ ಅದನ್ನು ಶಾಲೆಯೊಳಕ್ಕೆ ತಂದರು. ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್, ಶಿಕ್ಷಕರೇ ಸಂಶೋಧಕರಾಗಬೇಕು ಅಂತ ಗಟ್ಟಿಯಾಗಿ ವಾದಿಸಿದ್ರು. ಯೋಜನೆ, ಕ್ರಿಯೆ, ಅವಲೋಕನ, ಚಿಂತನೆ ಅಂತ ಸುರುಳಿಯ ಚಿತ್ರ ಪಠ್ಯಗಳಲ್ಲಿ ಬರುತ್ತಲ್ಲ, ಅದು ಆಸ್ಟ್ರೇಲಿಯಾದ ಕೆಮ್ಮಿಸ್ ಮತ್ತು ಮೆಕ್‌ಟ್ಯಾಗರ್ಟ್ ಅವರದು. ಇತಿಹಾಸ ಇಷ್ಟು ಸಾಕು.

ಈಗ ತರಗತಿಯೊಳಕ್ಕೆ ಹೋಗೋಣ. ಅರ್ಥವಾಗಲಿ ಅಂತ ನಾನೇ ಒಂದು ಉದಾಹರಣೆ ಕಟ್ಟುತ್ತೀನಿ. ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆ ಅಂದುಕೊಳ್ಳಿ, ನಾಲ್ಕನೇ ತರಗತಿ, 26 ಮಕ್ಕಳು. ಅವರಲ್ಲಿ 7 ಮಕ್ಕಳು ದಶಕ ತೆಗೆದುಕೊಂಡು ಕಳೆಯುವ ಲೆಕ್ಕದಲ್ಲಿ ಎಡವುತ್ತಿದ್ದಾರೆ.

ಮೊದಲ ಕೆಲಸ, ಪ್ರಶ್ನೆಯನ್ನು ಚಿಕ್ಕದು ಮಾಡೋದು. "ಮಕ್ಕಳು ಗಣಿತದಲ್ಲಿ ಹಿಂದುಳಿದಿದ್ದಾರೆ" ಅನ್ನೋದನ್ನು ಹಿಡಿದು ಏನೂ ಮಾಡಕ್ಕಾಗಲ್ಲ. "ಈ ಏಳು ಮಕ್ಕಳು ಬಿಡಿ ಸ್ಥಾನದಲ್ಲಿ ಕಳೆಯಲಾಗದಿದ್ದಾಗ ಯಾಕೆ ಅಂಕಿಗಳನ್ನು ತಿರುಗಿಸಿ ಕಳೆಯುತ್ತಾರೆ?" ಅನ್ನೋದಾದರೆ ನಾಳೆ ಬೆಳಗ್ಗೆಯೇ ಕೆಲಸ ಶುರು ಮಾಡಬಹುದು.

ಆಮೇಲೆ ಕಾರಣ. ಇಲ್ಲಿ ಆತುರ ಬೇಡ. ನಮ್ಮ ವರದಿಗಳಲ್ಲಿ ಕಾರಣ ಅಂತ ಬರೆಯೋದು ಬಹುತೇಕ ಒಂದೇ: ಪೋಷಕರ ಅನಕ್ಷರತೆ, ಬಡತನ, ಮಗುವಿನ ನಿರಾಸಕ್ತಿ. ಇವು ಇಲ್ಲ ಅಂತ ಹೇಳ್ತಿಲ್ಲ. ಆದರೆ ಬಡತನಕ್ಕೂ 7ರಿಂದ 2 ಕಳೆದದ್ದಕ್ಕೂ ಏನು ಸಂಬಂಧ? ಪ್ರತಿ ಕಾರಣದ ಮುಂದೆ ಎರಡು ಕಾಲಂ ಹಾಕಿ. ಇದಕ್ಕೆ ನನ್ನ ಹತ್ತಿರ ಏನು ಪುರಾವೆ ಇದೆ? ಇದು ನನ್ನ ಹಿಡಿತದಲ್ಲಿದೆಯಾ? ಪುರಾವೆ ಇದ್ದು, ಹಿಡಿತದಲ್ಲೂ ಇರುವ ಕಾರಣವನ್ನೇ ಹಿಡಿಯಿರಿ.

ಪುರಾವೆ ಎಲ್ಲಿಂದ ತರೋದು? ಮಗುವಿನ ಬಾಯಿಂದಲೇ. ಪಕ್ಕದಲ್ಲಿ ಕೂರಿಸಿಕೊಂಡು "ಇದನ್ನ ಹೆಂಗೆ ಮಾಡ್ದೆ, ನಂಗೂ ಹೇಳು" ಅಂತ ಕೇಳಿ. ತಪ್ಪು ಅಂತ ಹೇಳಬೇಡಿ, ಮುಖದಲ್ಲೂ ತೋರಿಸಬೇಡಿ. ಆಗ ಇಂಥ ಉತ್ತರ ಬರಬಹುದು: "ದೊಡ್ಡದ್ರಲ್ಲಿ ಚಿಕ್ಕದು ಕಳೀಬೇಕು ಅಂತ ನೀವೇ ಹೇಳಿದ್ರಲ್ಲ ಮಿಸ್."

[ಎರಡು ಸೆಕೆಂಡ್ ಮೌನ]

ಎರಡನೇ ತರಗತಿಯಲ್ಲಿ ನಾವು ಹೇಳಿಕೊಟ್ಟದ್ದು ಅದೇ. ಅಲ್ಲಿ ಅದು ಸರಿಯಾಗೇ ಇತ್ತು, ಇಡೀ ಸಂಖ್ಯೆಗೆ ಹೇಳಿದ ಮಾತು. ಮಗು ಅದನ್ನು ಒಂದೊಂದು ಅಂಕಿಗೂ ಅನ್ವಯಿಸಿದೆ. ಅಂದರೆ ತೊಡಕು ಇರೋದು ಗಮನದಲ್ಲೂ ಅಲ್ಲ, ಬುದ್ಧಿಯಲ್ಲೂ ಅಲ್ಲ. 52 ಅಂದ್ರೆ ಐದು ಹತ್ತು, ಎರಡು ಬಿಡಿ ಅನ್ನೋ ತಿಳಿವಳಿಕೆಯಲ್ಲಿ. ಹತ್ತು ಸಲ ಅದೇ ಲೆಕ್ಕ ಬರೆಸಿದರೆ ಇದು ಸರಿಹೋಗಲ್ಲ, ತಪ್ಪು ನಿಯಮ ಇನ್ನಷ್ಟು ಗಟ್ಟಿಯಾಗುತ್ತೆ.

ಈಗ ಒಂದು ಬದಲಾವಣೆ ಮಾಡಿ. ಒಂದೇ. ಆಟದ ನೋಟು ಮಾಡಿಕೊಳ್ಳಿ: ಹತ್ತು ರೂಪಾಯಿಯ ಚೀಟಿಗಳು, ಒಂದು ರೂಪಾಯಿಯ ಬಿಲ್ಲೆಗಳು. ಮಗುವಿನ ಕೈಲಿ ಐದು ಹತ್ತು, ಎರಡು ಒಂದು. "ಸಂತೆಯಲ್ಲಿ 27 ರೂಪಾಯಿ ಟೊಮೇಟೊ ತಗೊಂಡೆ, ಕೊಡು." ಎರಡು ಹತ್ತು ಕೊಡುತ್ತೆ. ಇನ್ನು ಏಳು ಬೇಕು, ಕೈಲಿರೋದು ಎರಡೇ ಬಿಲ್ಲೆ. ಸಂತೆ ನೋಡಿದ ಯಾವ ಮಗುವೂ ಇಲ್ಲಿ "ಏಳರಿಂದ ಎರಡು ಕಳೀತೀನಿ" ಅನ್ನಲ್ಲ. "ಹತ್ತಕ್ಕೆ ಚಿಲ್ಲರೆ ಕೊಡಿ" ಅನ್ನುತ್ತೆ. ಆ ಚಿಲ್ಲರೆ ಮಾಡಿಸಿದ್ದನ್ನೇ ಆ ಕ್ಷಣದಲ್ಲಿ ಹಾಳೆ ಮೇಲೆ ಬರೆಯೋದು: 5ನ್ನು ಹೊಡೆದು 4, 2ರ ಜಾಗದಲ್ಲಿ 12. ನೋಟು ಕೈಲಿ, ಬರಹ ಹಾಳೆಯಲ್ಲಿ, ಎರಡೂ ಒಟ್ಟೊಟ್ಟಿಗೆ ಸಾಗಬೇಕು. ಎಷ್ಟೋ ಕಡೆ ಕಲಿಕೋಪಕರಣದ ಆಟ ಒಂದು ಕಡೆ, ನೋಟ್‌ಬುಕ್ ಲೆಕ್ಕ ಇನ್ನೊಂದು ಕಡೆ ಆಗಿಬಿಡುತ್ತೆ. ಮಗು ಎರಡನ್ನೂ ಜೋಡಿಸಿಕೊಳ್ಳುತ್ತೆ ಅಂತ ನಾವು ನಂಬಿ ಕೂರುತ್ತೀವಿ.

ಮೂರು ವಾರ, ದಿನಕ್ಕೆ ಇಪ್ಪತ್ತು ನಿಮಿಷ. ಇದರ ಜೊತೆಗೇ ಗುಂಪು ಬದಲಾಯಿಸಿ, ಹೊಸ ಅಭ್ಯಾಸ ಪುಸ್ತಕವನ್ನೂ ತಂದುಬಿಟ್ಟರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗೋದೇ ಇಲ್ಲ. ದಿನಚರಿಯಲ್ಲಿ ಎರಡು ಸಾಲು ಬರೆದರೆ ಸಾಕು: "ಇವತ್ತು ಇಬ್ಬರು ಚೀಟಿ ಮುಟ್ಟದೆ ಲೆಕ್ಕ ಮಾಡಿದರು." ಕೊನೆಗೆ ಮೊದಲಿನಂಥದ್ದೇ ಲೆಕ್ಕ, ಬೇರೆ ಸಂಖ್ಯೆಗಳು. ಒಂದು ತಿಂಗಳು ಬಿಟ್ಟು ಇನ್ನೊಮ್ಮೆ. ಈ ಎರಡನೇ ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಲಿತದ್ದರಲ್ಲಿ ಮಗುವಿನ ಹತ್ತಿರ ಉಳಿದುಕೊಂಡದ್ದು ಎಷ್ಟು ಅಂತ ಹೇಳೋದು ಅದೊಂದೇ.

ಏಳರಲ್ಲಿ ಐದು ಮಕ್ಕಳು ದಾಟಿದರು ಅಂದುಕೊಳ್ಳೋಣ. ದಯವಿಟ್ಟು "ಶೇಕಡಾ 71.4 ಪ್ರಗತಿ" ಅಂತ ಬರೆಯಬೇಡಿ. ಏಳು ಮಕ್ಕಳಿಗೆ ಶೇಕಡಾವಾರು ಬೇಕಿಲ್ಲ. ಉಳಿದ ಇಬ್ಬರ ಬಗ್ಗೆ ಬರೆಯಿರಿ. ಒಬ್ಬಳಿಗೆ ಹತ್ತರ ಗುಂಪೇ ಇನ್ನೂ ಗಟ್ಟಿಯಾಗಿಲ್ಲ, ಕಡ್ಡಿ ಕಟ್ಟುಗಳಿಂದ ಮತ್ತೆ ಶುರು ಮಾಡಬೇಕು. ಇನ್ನೊಬ್ಬ ಮೂರು ವಾರದಲ್ಲಿ ಶಾಲೆಗೆ ಬಂದದ್ದೇ ಕೆಲವು ದಿನ. ಕಬ್ಬು ಕಡಿಯುವ ಕಾಲ, ಅಪ್ಪ ಅಮ್ಮ ಆಲೆಮನೆಯಲ್ಲಿ, ತಂಗಿಯನ್ನು ನೋಡಿಕೊಳ್ಳೋಕೆ ಅವನು ಮನೆಯಲ್ಲಿ. ಅವನ ಪ್ರಶ್ನೆ ಗಣಿತದ್ದೇ ಅಲ್ಲ. ಅದನ್ನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಗೆ, ಪಕ್ಕದ ಅಂಗನವಾಡಿಗೆ ತೆಗೆದುಕೊಂಡು ಹೋಗಬೇಕು. ಸುರುಳಿಯ ಎರಡನೇ ಸುತ್ತು ಶುರುವಾಗೋದು ಹೀಗೆ. ದಾಟಿದ ಐವರಿಗೂ 503ರಲ್ಲಿ 78 ಕಳೆ ಅಂತ ಕೊಟ್ಟು ನೋಡಿ. ಮಧ್ಯದ ಸೊನ್ನೆ ಹೊಸ ಪ್ರಶ್ನೆ ಎಬ್ಬಿಸುತ್ತೆ.

ಭಾಷೆಯಲ್ಲೂ ಇದೇ ಕಣ್ಣು ಬೇಕು. ಮಂಡ್ಯ ಕಡೆಯ ಮಗು "ಹಳ್ಳಿ" ಬದಲು "ಅಳ್ಳಿ" ಅಂತ, "ಹಾಲು" ಬದಲು "ಆಲು" ಅಂತ ಬರೆದರೆ, ಅದು ತನಗೆ ಕೇಳಿಸಿದ್ದನ್ನು ನಿಖರವಾಗಿ ಬರೆದಿದೆ. ಅಕ್ಷರಕ್ಕೂ ಧ್ವನಿಗೂ ನಂಟಿದೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಅದೇ ಮಗು "ಮರ" ಅನ್ನೋದನ್ನು "ವರ" ಅಂತ ಓದಿದರೆ ಅದು ಬೇರೆ ತೊಡಕು, ಅಕ್ಷರದ ಆಕಾರದ್ದು. ಒತ್ತಕ್ಷರ ಬಂದ ಕಡೆಯಲ್ಲೆಲ್ಲ ನಿಂತರೆ ಮತ್ತೊಂದು. ಮೂರಕ್ಕೂ "ಓದು ಬರಹ ಬರಲ್ಲ" ಅಂತ ಒಂದೇ ಷರಾ ಬರೆದು, ಒಂದೇ ಪರಿಹಾರ ಬೋಧನೆ ಕೊಟ್ಟರೆ ಯಾರಿಗೂ ಪ್ರಯೋಜನವಿಲ್ಲ. ಮನೆ ಮಾತನ್ನು ನಗೆಪಾಟಲು ಮಾಡಿದರಂತೂ ಮಗು ಬಾಯಿ ತೆರೆಯೋದನ್ನೇ ಬಿಡುತ್ತೆ, ಆಮೇಲೆ ಹುಡುಕೋಕೆ ನಮ್ಮ ಹತ್ತಿರ ಏನೂ ಉಳಿಯಲ್ಲ.

[ಪರದೆ ಮೇಲೆ: ಮೈಸೂರು ಜಿಲ್ಲೆಯ ನಕ್ಷೆ, ಹೆಗ್ಗಡದೇವನಕೋಟೆ ಗುರುತು]

"ಇದೆಲ್ಲ ಒಬ್ಬ ಶಿಕ್ಷಕಿಯ ಮಟ್ಟದಲ್ಲೇ ಉಳಿಯುತ್ತೆ, ವ್ಯವಸ್ಥೆ ಬದಲಾಗಲ್ಲ" ಅನ್ನುವವರಿಗೆ ನಮ್ಮ ಜಿಲ್ಲೆಯದ್ದೇ ಉತ್ತರ ಇದೆ. ಮಕ್ಕಳು ತಂತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ವಿಧಾನ ಹುಟ್ಟಿದ್ದು ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನೊಂದಿಗೆ. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ, ಬೇರೆ ಬೇರೆ ಹಂತದ ಮಕ್ಕಳು ಒಂದೇ ಕೋಣೆಯಲ್ಲಿ ತಂತಮ್ಮ ವೇಗದಲ್ಲಿ ಕಲಿಯೋದನ್ನು ನೋಡಿದ್ರು. ವಾಪಸ್ ಬಂದು ಪಾಠಗಳನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಕಾರ್ಡ್ ಮಾಡಿ, ತಮ್ಮ ತರಗತಿಗಳಲ್ಲಿ ಬಳಸಿ ನೋಡಿದ್ರು. ಗೈರಾದ ಮಗು ವಾಪಸ್ ಬಂದಾಗ ತಾನು ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯಬಹುದಿತ್ತು. ಕೂಲಿಗೆ ಊರೂರು ಹೋಗುವ ಮನೆಯ ಮಕ್ಕಳಿಗೆ ಇದು ಎಷ್ಟು ದೊಡ್ಡ ವಿಷಯ ಯೋಚಿಸಿ. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹೋಯ್ತು. ರಾಜ್ಯವ್ಯಾಪಿಯಾದ ಮೇಲೆ ಹಲವು ಕಡೆ ಅದು ಕಾರ್ಡ್ ತುಂಬಿದ ತಟ್ಟೆ, ಭರ್ತಿ ಮಾಡಬೇಕಾದ ನಮೂನೆ ಆಗಿ ಉಳಿಯಿತು ಅನ್ನೋ ದೂರು ಇದೆ, ಅದರಲ್ಲಿ ನಿಜವೂ ಇದೆ ಅಂತ ನನ್ನ ಅನಿಸಿಕೆ. ಕಾರ್ಡುಗಳನ್ನು ಎಲ್ಲ ಶಾಲೆಗೂ ಕಳಿಸಬಹುದು. ಆ ಶಿಕ್ಷಕರು ಮಾಡಿದ ಹುಡುಕಾಟವನ್ನು ಲಾರಿಯಲ್ಲಿ ಕಳಿಸಕ್ಕಾಗಲ್ಲ.

ಸಹಾಯ ಯಾರ ಹತ್ತಿರ ಕೇಳೋದು? ನಿಮ್ಮ ಜಿಲ್ಲೆಯ ಡಯಟ್‌ನಲ್ಲಿ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ. ಮೈಸೂರಿನವರಿಗೆ ಮಾನಸಗಂಗೋತ್ರಿಯ ಬಳಿ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಇದೆ. ಇನ್ನೊಂದು ಮುಖ್ಯ ಮಾತು. ಎರಡು ಮೂರು ಸುತ್ತು ಮಾಡಿದ ಮೇಲೂ ಒಂದು ಮಗು ಅಕ್ಷರ ಹಿಡಿಯುತ್ತಿಲ್ಲ, ಅಥವಾ ಹಿಂದಿನ ಬೆಂಚಿಂದ ಕರೆದರೆ ತಿರುಗಿ ನೋಡಲ್ಲ ಅಂದ್ರೆ, ಅದನ್ನು ಬೋಧನೆಯ ಪ್ರಶ್ನೆ ಅಂತ ಎಳೆದಾಡಬೇಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ನಾವೆಲ್ಲ ಆಯಿಷ್ ಅಂತ ಕರೆಯೋದು, ಶ್ರವಣ, ಮಾತು, ಕಲಿಕಾ ನ್ಯೂನತೆಗಳ ತಪಾಸಣೆ ಮಾಡುತ್ತೆ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದೆ. ನೀವು ಬರೆದಿಟ್ಟ ದಿನಚರಿ ಅಲ್ಲಿನ ತಜ್ಞರಿಗೂ ಉಪಯೋಗಕ್ಕೆ ಬರುತ್ತೆ.

ಸಮಯ ಎಲ್ಲಿದೆ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಸ್ಯಾಟ್ಸ್ ತಂತ್ರಾಂಶದಲ್ಲಿ ಮಕ್ಕಳ ಮಾಹಿತಿ ನಮೂದು, ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕ, ಎಲ್ಲದರ ನಡುವೆ ಇದೂ ಒಂದು ಹೊರೆ ಆಗಬಾರದು. ಅದಕ್ಕೇ ಹೇಳೋದು, ಹೊಸ ಪರೀಕ್ಷೆ ಮಾಡಬೇಡಿ. ಶಾಲೆ ಶುರುವಾದಾಗ ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಸೇತುಬಂಧದಲ್ಲಿ, ಮಗು ಎಲ್ಲಿದೆ ಅಂತ ತಿಳಿಯೋಕೆ ನೈದಾನಿಕ ಪರೀಕ್ಷೆ ಹೇಗೂ ಮಾಡ್ತೀರಿ. ಅಂಕ ನಮೂದಿಸಿ ಕಟ್ಟಿಡುವ ಮೊದಲು ಒಂದು ಸಂಜೆ ಆ ಉತ್ತರ ಪತ್ರಿಕೆಗಳನ್ನು ತಪ್ಪಿನ ಬಗೆ ನೋಡಿ ವಿಂಗಡಿಸಿ. ಒಂದೇ ಬಗೆಯ ತಪ್ಪಿನ ಒಂದು ಗುಂಪು ಸಿಕ್ಕರೆ ನಿಮ್ಮ ಪ್ರಶ್ನೆ ಸಿಕ್ಕಿತು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಅದನ್ನು ಇನ್ನಿಬ್ಬರು ಶಿಕ್ಷಕರ ಮುಂದಿಡಿ, ಅವರ ಮಕ್ಕಳಲ್ಲೂ ಅದೇ ತಪ್ಪು ಇದೆಯಾ ಕೇಳಿ. ಎಲ್ಲೇ ಹಂಚಿಕೊಂಡರೂ ಮಕ್ಕಳ ಹೆಸರು, ಫೋಟೋ ಬೇಡ.

ಮುಂದಿನ ವಿಡಿಯೋದಲ್ಲಿ ಒತ್ತಕ್ಷರದಲ್ಲಿ ನಿಲ್ಲುವ ಮಕ್ಕಳನ್ನು ತೆಗೆದುಕೊಳ್ತೀನಿ. ನಿಮ್ಮ ತರಗತಿಯಲ್ಲಿ ಯಾವ ಒತ್ತಕ್ಷರದಲ್ಲಿ ಹೆಚ್ಚು ಮಕ್ಕಳು ನಿಲ್ಲುತ್ತಾರೆ ಅಂತ ಬರೆದು ಕಳಿಸಿ. ಅಲ್ಲಿಂದಲೇ ಶುರು ಮಾಡೋಣ.