ಅತಿ ಕೆಟ್ಟ ವಿಡಿಯೊ ಗೇಮ್ ಯಾವುದು? ಆ ಪಟ್ಟ ಇ.ಟಿ.ಗೆ ಸಲ್ಲದು

ನಮಸ್ಕಾರ. ಮಡಿಕೇರಿಯಿಂದ ಮಾತನಾಡುತ್ತಿದ್ದೇನೆ. ಗೇಮ್ ಆಡುವ ನಾಲ್ಕು ಜನ ಒಂದೆಡೆ ಸೇರಿದರೆ ತಪ್ಪದೆ ಏಳುವ ಒಂದು ವಾದವಿದೆ: ಇದುವರೆಗೆ ಬಂದ ವಿಡಿಯೊ ಗೇಮ್‌ಗಳಲ್ಲಿ ಅತ್ಯಂತ ಕೆಟ್ಟದ್ದು ಯಾವುದು? ವಾದ ಎಲ್ಲಿ ಶುರುವಾದರೂ ಮೊದಲು ಬರುವ ಹೆಸರು ಇ.ಟಿ. ಭೂಮಿಯಲ್ಲಿ ಉಳಿದುಹೋದ ಅನ್ಯಗ್ರಹ ಜೀವಿಯ ಕಥೆಯ, ಅದೇ ಹೆಸರಿನ ಸಿನಿಮಾ ಆಧರಿಸಿ 1982ರ ಡಿಸೆಂಬರ್‌ನಲ್ಲಿ ಅಟಾರಿ 2600 ಎಂಬ, ಟಿವಿಗೆ ಜೋಡಿಸುವ ಗೇಮ್ ಯಂತ್ರಕ್ಕಾಗಿ ಬಂದ ಆ ಗೇಮನ್ನು ಒಮ್ಮೆಯೂ ಆಡಿ ನೋಡದವರು ಕೂಡ ಅದನ್ನು ಬೈಯುತ್ತಾರೆ. ಆ ಪಟ್ಟ ಇ.ಟಿ.ಗೆ ಸಲ್ಲದು ಎಂದು ನಾನು ದೃಢವಾಗಿ ನಂಬಿದ್ದೇನೆ. ಅದು ಯಾರಿಗೆ ಸಲ್ಲಬೇಕು, ಏಕೆ ಸಲ್ಲಬೇಕು ಎಂಬುದನ್ನು ಇವತ್ತು ಹೇಳುತ್ತೇನೆ.

ಮೊದಲು ಅಳತೆಗೋಲು ಯಾವುದೆಂದು ತೀರ್ಮಾನಿಸಿಕೊಳ್ಳೋಣ. ಚಿತ್ರ ಒರಟಾಗಿದೆ, ಸಂಗೀತ ಕಿರಿಕಿರಿ, ಕಥೆಗೆ ತಲೆಬುಡವಿಲ್ಲ ಎಂಬ ದೂರುಗಳಿಂದ ಒಂದು ಗೇಮ್ ಸಾಧಾರಣ ಎನಿಸಬಹುದು, ಆದರೆ ಅತಿ ಕೆಟ್ಟದ್ದು ಎನಿಸಲು ಅಷ್ಟು ಸಾಲದು. ಪ್ರತಿಯೊಂದು ಆಟವೂ ಆಡುವವನಿಗೆ ಒಂದು ಮಾತು ಕೊಡುತ್ತದೆ: ನೀನು ಹೀಗೆ ಮಾಡಿದರೆ ಹೀಗಾಗುತ್ತದೆ, ಗೆದ್ದರೆ ಗೆದ್ದಂತೆ, ಸೋತರೆ ಸೋತಂತೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನೋಡುತ್ತಾ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈದಾನ ಕೆಸರಾಗಿದ್ದರೂ, ಸ್ಟಿಕ್ ಹಳೆಯದಾಗಿದ್ದರೂ ಆಟ ಆಟವಾಗಿಯೇ ಉಳಿಯುತ್ತದೆ. ಚೆಂಡು ಹಲಗೆಗೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿದ ಮೇಲೂ ಗೋಲು ಕೊಡದಿದ್ದರೆ ಮಾತ್ರ ಅಲ್ಲಿ ಆಟವೇ ಉಳಿಯುವುದಿಲ್ಲ. ಕೊಟ್ಟ ಮಾತನ್ನು ಮುರಿಯುವ ಗೇಮ್ ಕೆಟ್ಟ ಗೇಮ್. ಕೈಲಾಗದೆ ಮುರಿಯಿತೋ, ಗೊತ್ತಿದ್ದೂ ಮುರಿಯಿತೋ ಎಂಬುದರ ಮೇಲೆ ಅದು ಎಷ್ಟು ಕೆಟ್ಟದ್ದು ಎಂಬುದು ನಿಂತಿದೆ.

ಈ ಅಳತೆಗೋಲು ಹಿಡಿದು ಇ.ಟಿ.ಯನ್ನು ನೋಡಿ. ಸಿನಿಮಾ ಹಕ್ಕಿಗಾಗಿ ಅಟಾರಿಯ ಮಾಲೀಕ ಸಂಸ್ಥೆ ವಾರ್ನರ್ 2 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟಿತೆಂದು ವರದಿಗಳಿವೆ. ಮಾತುಕತೆ ಮುಗಿಯುವ ಹೊತ್ತಿಗೆ 1982ರ ಜುಲೈ ಕೊನೆಯಾಗಿತ್ತು. ಕ್ರಿಸ್ಮಸ್ ಮಾರಾಟಕ್ಕೆ ಗೇಮ್ ಅಂಗಡಿಗೆ ಬರಬೇಕಾದರೆ ಸೆಪ್ಟೆಂಬರ್ ಮೊದಲ ದಿನಕ್ಕೆ ಅದು ಸಿದ್ಧವಾಗಿರಬೇಕಿತ್ತು. ತಿಂಗಳುಗಟ್ಟಲೆ ಹಿಡಿಯುವ ಕೆಲಸವನ್ನು ಹೋವರ್ಡ್ ಸ್ಕಾಟ್ ವಾರ್ಷಾ ಎಂಬ ಒಬ್ಬನೇ ಪ್ರೋಗ್ರಾಮರ್‌ಗೆ ಸುಮಾರು ಐದು ವಾರಗಳಲ್ಲಿ ಮುಗಿಸಲು ಹೇಳಿದರು. ಆತ ಅಡ್ಡಾದಿಡ್ಡಿ ಕೆಲಸಗಾರನೇನಲ್ಲ. ಅದೇ ಯಂತ್ರಕ್ಕೆ ಯಾರ್ಸ್ ರಿವೆಂಜ್ ಎಂಬ, ಇಂದಿಗೂ ಮೆಚ್ಚುಗೆ ಪಡೆಯುವ ಗೇಮನ್ನು ಬರೆದವನು.

ಇ.ಟಿ.ಯ ದೋಷ ಎಲ್ಲಿದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಆತನ ಅವಸರ ಅರ್ಥವಾಗುತ್ತದೆ. ಫೋನಿನ ಮೂರು ತುಂಡುಗಳನ್ನು ಹುಡುಕಿ, ಜೋಡಿಸಿ, ಮನೆಗೆ ಕರೆ ಮಾಡುವುದು ಆಟದ ಗುರಿ. ತುಂಡುಗಳು ಗುಂಡಿಗಳೊಳಗೆ ಇರುತ್ತವೆ. ನೆಲವನ್ನು ಮೇಲಿನಿಂದ ನೋಡಿದಂತೆ ಚಿತ್ರಿಸಿದ್ದಾರೆ, ಇ.ಟಿ.ಯನ್ನು ಮಾತ್ರ ಪಕ್ಕದಿಂದ ನೋಡಿದಂತೆ ನಿಲ್ಲಿಸಿದ್ದಾರೆ. ಹಾಗಾಗಿ ಆಡುವವನ ಕಣ್ಣು ಇ.ಟಿ.ಯ ಕಾಲನ್ನು ನೋಡುತ್ತದೆ, ಪ್ರೋಗ್ರಾಮು ಇಡೀ ದೇಹವನ್ನು ಲೆಕ್ಕ ಹಾಕುತ್ತದೆ. ಕಾಲು ಗುಂಡಿಯಿಂದ ದೂರವಿದ್ದರೂ ತಲೆಯ ಒಂದು ಚುಕ್ಕಿ ಅಂಚಿಗೆ ತಾಗಿದರೆ ಸಾಕು, ಆತ ಒಳಗೆ ಬೀಳುತ್ತಾನೆ. ಕತ್ತು ಚಾಚಿ ತೇಲುತ್ತಾ ಮೇಲೆ ಬರುತ್ತಾನೆ, ಬಂದವನು ಒಂದು ಹೆಜ್ಜೆ ತಪ್ಪಿದರೆ ಮತ್ತೆ ಅದೇ ಗುಂಡಿಗೆ ಬೀಳುತ್ತಾನೆ. 9999ರಿಂದ ಶುರುವಾಗುವ ಶಕ್ತಿಯ ಎಣಿಕೆ ಅಷ್ಟರಲ್ಲಿ ಇಳಿಯುತ್ತಲೇ ಇರುತ್ತದೆ. ಇದು ಸಿಟ್ಟು ಬರಿಸುವ ದೋಷವೇ, ಸಂಶಯವಿಲ್ಲ. ಆದರೆ ಇನ್ನೊಂದು ತಿಂಗಳು ಕೊಟ್ಟಿದ್ದರೆ ಸರಿಹೋಗಬಹುದಾಗಿದ್ದ ದೋಷ. ಮೂವತ್ತು ವರ್ಷಗಳ ನಂತರ ಅಭಿಮಾನಿಯೊಬ್ಬರು ಕೋಡಿನಲ್ಲಿ ಸಣ್ಣ ತಿದ್ದುಪಡಿ ಮಾಡಿ ಅದನ್ನು ಸರಿಪಡಿಸಿಯೂ ತೋರಿಸಿದರು. ಗುರಿ ಸ್ಪಷ್ಟವಿದೆ, ದಾರಿ ಇದೆ, ಕೊನೆ ಇದೆ. ಪುಟ್ಟ ಯಂತ್ರದೊಳಗೆ, ಐದು ವಾರಗಳಲ್ಲಿ, ಒಬ್ಬನೇ ಮನುಷ್ಯ ಇಷ್ಟನ್ನು ಮಾಡಿದ್ದಾನೆ ಎಂಬುದು ನನಗೆ ಗೌರವ ಹುಟ್ಟಿಸುತ್ತದೆ.

ತಪ್ಪು ಇದ್ದದ್ದು ಅಟಾರಿಯ ಮೇಲಿನವರ ಲೆಕ್ಕದಲ್ಲಿ. ಯಂತ್ರಕ್ಕೆ ಸಿಕ್ಕಿಸುವ ಗೇಮ್ ಡಬ್ಬಿ, ಅಂದರೆ ಕಾರ್ಟ್ರಿಜ್, ಸುಮಾರು 40 ಲಕ್ಷ ತಯಾರಾದವು, ಸುಮಾರು 15 ಲಕ್ಷ ಮಾತ್ರ ಮಾರಾಟವಾದವು ಎಂಬುದು ಸಾಮಾನ್ಯವಾಗಿ ಹೇಳುವ ಅಂಕಿ. ಉಳಿದ ಸರಕಿನಲ್ಲಿ ಒಂದಷ್ಟನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮಗಾರ್ಡೊ ಊರಿನ ಕಸದ ಗುಂಡಿಗೆ ಸುರಿದು ಮುಚ್ಚಿದರು. 2014ರಲ್ಲಿ ಅಗೆದಾಗ ಸಿಕ್ಕಿದ್ದು ಇ.ಟಿ. ಒಂದೇ ಅಲ್ಲ, ಅಟಾರಿಯ ಬೇರೆ ಅನೇಕ ಗೇಮ್‌ಗಳೂ ಇದ್ದವು. ಅಮೆರಿಕದ ಗೇಮ್ ಮಾರುಕಟ್ಟೆ 1983ರಲ್ಲಿ ಕುಸಿದದ್ದಕ್ಕೆ ಒಂದು ಗೇಮನ್ನು ಹೊಣೆ ಮಾಡುವುದು ಅನ್ಯಾಯ. ಮಾರುಕಟ್ಟೆಯಲ್ಲಿ ಆಗಲೇ ಸರಕು ತುಂಬಿ ತುಳುಕುತ್ತಿತ್ತು. ವಾರ್ಷಾ ಮುಂದೆ ಮನೋಚಿಕಿತ್ಸಕರಾದರು, ತಮ್ಮ ಗೇಮಿನ ಬಗ್ಗೆ ಇಂದಿಗೂ ಮುಚ್ಚುಮರೆಯಿಲ್ಲದೆ ಮಾತನಾಡುತ್ತಾರೆ.

ಹಾಗಾದರೆ ಸಮಯವೇ ಎಲ್ಲಕ್ಕೂ ಮದ್ದೇ ಎಂದು ನೀವು ಕೇಳಬಹುದು. ಅಲ್ಲ. 1997ರಲ್ಲಿ ಘೋಷಣೆಯಾದ ಡ್ಯೂಕ್ ನ್ಯೂಕೆಮ್ ಫಾರೆವರ್ ಎಂಬ ಗೇಮ್ 2011ರಲ್ಲಿ ಬಂತು. ಹದಿನಾಲ್ಕು ವರ್ಷಗಳಲ್ಲಿ ಎಂಜಿನ್, ಅಂದರೆ ಗೇಮ್ ನಡೆಸುವ ಮೂಲ ಸಾಫ್ಟ್‌ವೇರ್, ಬದಲಾಯಿತು, ಕೆಲಸ ಮತ್ತೆ ಮತ್ತೆ ಮೊದಲಿಂದ ಶುರುವಾಯಿತು, ಕೊನೆಗೆ ಕೈಗೆ ಬಂದದ್ದು ಬರುವಾಗಲೇ ಹಳತಾಗಿತ್ತು. ಯಾವಾಗ ಸಾಕು ಎಂದು ಹೇಳುವವರು ಇಲ್ಲದಿದ್ದರೂ ಗೇಮ್ ಕೆಡುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕೆಂದು ನನಗೆ ಅನಿಸುವುದಿಲ್ಲ.

ಇನ್ನು 2003ರ ಬಿಗ್ ರಿಗ್ಸ್. ವಸ್ತುವಾಗಿ ನೋಡಿದರೆ, ಅಂಗಡಿಯಲ್ಲಿ ದುಡ್ಡಿಗೆ ಮಾರಿದ ಗೇಮ್‌ಗಳಲ್ಲಿ ಇದಕ್ಕಿಂತ ಕೆಳಗಿನದನ್ನು ನಾನು ಕಂಡಿಲ್ಲ. ಸರಕು ತುಂಬಿದ ಲಾರಿಗಳ ರೇಸ್, ಬೆನ್ನಟ್ಟುವ ಪೊಲೀಸರು ಎಂದು ಡಬ್ಬಿಯ ಮೇಲೆ ಬರೆದಿದ್ದರು. ಗೇಮಿನೊಳಗೆ ಪೊಲೀಸರೇ ಇಲ್ಲ. ರೇಸಿನಲ್ಲಿ ಎದುರಾಳಿ ಲಾರಿ ಒಂದಿದೆ, ಅದು ಶುರುವಾದ ಜಾಗದಿಂದ ಅಲುಗುವುದಿಲ್ಲ. ಮುಂದೆ ತಿದ್ದುಪಡಿ ಬಂದಾಗ ಅದು ಓಡಲು ಕಲಿತಿತು, ಆದರೆ ಗೆರೆ ದಾಟುವ ಮೊದಲೇ ನಿಂತುಬಿಡುತ್ತಿತ್ತು. ನಿಮ್ಮ ಲಾರಿ ಮನೆಗಳ ಮೂಲಕ, ಮರಗಳ ಮೂಲಕ, ತಡೆಯೇ ಇಲ್ಲದೆ ಹಾದುಹೋಗುತ್ತದೆ. ಸೇತುವೆಯ ಮೇಲೆ ಹೋದರೆ ಸೇತುವೆಯೊಳಗಿಂದಲೇ ಕೆಳಗೆ ಇಳಿಯುತ್ತದೆ. ಗೋಡೆಯಂಥ ಗುಡ್ಡವನ್ನು ವೇಗ ಕಿಂಚಿತ್ತೂ ಕುಗ್ಗದೆ ಏರುತ್ತದೆ. ರಿವರ್ಸ್ ಗೇರಿನಲ್ಲಿ ವೇಗಕ್ಕೆ ಮಿತಿಯೇ ಇಲ್ಲ, ಬಟನ್ ಬಿಟ್ಟ ಕ್ಷಣ ಲಾರಿ ನಿಂತಲ್ಲೇ ನಿಲ್ಲುತ್ತದೆ. ಭಾಗಮಂಡಲ ರಸ್ತೆಯ ಒಂದು ತಿರುವಿನಲ್ಲಿ ಲಾರಿ ಇಳಿಸಿದವರಿಗೆ ಭಾರ ಎಂದರೇನು, ಬ್ರೇಕು ಎಂದರೇನು ಎಂಬುದು ಗೊತ್ತು. ಆ ಭಾರದ ಲವಲೇಶವೂ ಇಲ್ಲಿಲ್ಲ. ಸೋಲು ಸಾಧ್ಯವಿಲ್ಲದ ರೇಸಿನ ಕೊನೆಗೆ ತಪ್ಪು ಇಂಗ್ಲಿಷಿನಲ್ಲಿ ಗೆದ್ದೆ ಎಂಬ ಫಲಕ, ಜೊತೆಗೊಂದು ಟ್ರೋಫಿ. ಗೇಮ್ ವಿಮರ್ಶೆಯ ಜಾಲತಾಣ ಗೇಮ್‌ಸ್ಪಾಟ್ ಇದಕ್ಕೆ ಹತ್ತಕ್ಕೆ ಒಂದು ಅಂಕ ಕೊಟ್ಟಿತು.

ಇದನ್ನು ತಮಾಷೆಯೆಂದು ನೋಡುವವರು ಬಹಳ. ನನಗೆ ತಮಾಷೆಯೆನಿಸುವುದಿಲ್ಲ. ಅರ್ಧವೂ ಮುಗಿಯದ ಸರಕನ್ನು ಡಬ್ಬಿಗೆ ಹಾಕಿ, ಹೊಳೆಯುವ ಚಿತ್ರ ಅಂಟಿಸಿ, ಮಗುವಿಗೆ ಉಡುಗೊರೆ ಕೊಳ್ಳಲು ಬಂದ ಅಪ್ಪ ಅಮ್ಮಂದಿರ ಕೈಗೆ ಕೊಟ್ಟವರು ತಾವು ಏನು ಮಾರುತ್ತಿದ್ದೇವೆಂದು ತಿಳಿದೇ ಮಾರಿದ್ದಾರೆ. ಹಾಗಿದ್ದೂ ಪಟ್ಟ ಬಿಗ್ ರಿಗ್ಸ್‌ಗೂ ಹೋಗುವುದಿಲ್ಲ. ಅದರ ಮೋಸ ಮೊದಲ ಐದು ನಿಮಿಷದಲ್ಲೇ ಬಯಲಾಗುತ್ತದೆ, ಕಳೆದುಕೊಂಡದ್ದು ಒಂದು ಡಿಸ್ಕಿನ ಬೆಲೆ. ಅದಕ್ಕಿಂತ ದೊಡ್ಡದನ್ನು ಕಳೆಯುವ ಗೇಮ್‌ಗಳಿವೆ.

2013ರ ಮಾರ್ಚ್‌ನಲ್ಲಿ ಬಂದ ಸಿಮ್‌ಸಿಟಿಯನ್ನು ತೆಗೆದುಕೊಳ್ಳಿ. ಒಬ್ಬರೇ ಕುಳಿತು ಊರು ಕಟ್ಟುವ ಆಟ. ಅದನ್ನು ಇಂಟರ್ನೆಟ್ ಇಲ್ಲದೆ ತೆರೆಯುವಂತೆಯೇ ಇರಲಿಲ್ಲ. ಬಿಡುಗಡೆಯ ದಿನವೇ ಸರ್ವರ್‌ಗಳು, ಅಂದರೆ ಆಟಕ್ಕೆ ಬೇಕಾದ ಕಂಪನಿಯ ಕಂಪ್ಯೂಟರ್‌ಗಳು, ಕೈಕೊಟ್ಟವು, ದುಡ್ಡು ಕೊಟ್ಟವರು ಸರದಿಯಲ್ಲಿ ಕಾದು ಕುಳಿತರು, ಕಟ್ಟಿದ ಊರುಗಳು ಅಳಿಸಿಹೋದವು, ಭಾರ ಇಳಿಸಲೆಂದು ಆಟದ ಅತಿ ವೇಗದ ಗತಿಯನ್ನೇ ಕೆಲ ಕಾಲ ತೆಗೆದುಹಾಕಿದರು, ಅಮೆಜಾನ್ ಅದರ ಡೌನ್‌ಲೋಡ್ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಊರಿನ ಲೆಕ್ಕಾಚಾರದ ದೊಡ್ಡ ಪಾಲು ತಮ್ಮ ಸರ್ವರ್‌ಗಳಲ್ಲೇ ನಡೆಯುವುದರಿಂದ ಸಂಪರ್ಕ ಅನಿವಾರ್ಯ ಎಂದು ತಯಾರಕರು ಹೇಳಿದರು. ಕೆಲವೇ ದಿನಗಳಲ್ಲಿ ಮಾಡರ್ ಒಬ್ಬ, ಅಂದರೆ ಗೇಮಿನ ಕೋಡನ್ನು ತಾನೇ ತಿದ್ದುವ ಆಟಗಾರ, ಸಂಪರ್ಕ ಕಡಿದು ಆಟ ನಡೆಸಿ ತೋರಿಸಿದ. ಮರುವರ್ಷ ಕಂಪನಿಯೇ ಆಫ್‌ಲೈನ್ ಆವೃತ್ತಿ ಕೊಟ್ಟಿತು. ಆಡುವವರ ಕಣ್ಣಿಗೆ ಮಣ್ಣೆರಚುವ ಮಾತು ಅದಾಗಿತ್ತೆಂದು ಹೇಳಲು ಇದಕ್ಕಿಂತ ಬೇರೆ ಪುರಾವೆ ಬೇಕೆ?

ಆಟದ ಒಳಗೂ ಮಾತು ಮುರಿದಿತ್ತು. ಪ್ರತಿಯೊಬ್ಬ ಪ್ರಜೆಗೂ ತನ್ನದೇ ಬದುಕಿದೆ ಎಂಬ ಭಾವನೆ ಬರುವಂತೆ ಪ್ರಚಾರ ಮಾಡಿದ್ದರು. ಆಡಿದವರು ಒಬ್ಬ ಪ್ರಜೆಯ ಬೆನ್ನು ಹತ್ತಿ ನೋಡಿದಾಗ ಗೊತ್ತಾದದ್ದು ಬೇರೆ: ಆತ ಬೆಳಗ್ಗೆ ಮನೆಯಿಂದ ಹೊರಟು ಹತ್ತಿರದಲ್ಲಿ ಎಲ್ಲಿ ಕೆಲಸ ಖಾಲಿಯಿದೆಯೋ ಅಲ್ಲಿಗೆ ಹೋಗುತ್ತಾನೆ, ಸಂಜೆ ಹತ್ತಿರದಲ್ಲಿ ಯಾವ ಮನೆ ಖಾಲಿಯಿದೆಯೋ ಅದನ್ನು ಹೊಕ್ಕುತ್ತಾನೆ. ನಿನ್ನೆಯ ಮನೆ ಇವತ್ತು ಅವನದ್ದಲ್ಲ. ಎಲ್ಲರೂ ಅದೇ ಹತ್ತಿರದ ಮನೆಯತ್ತ ಒಮ್ಮೆಲೇ ನುಗ್ಗುವುದರಿಂದ ರಸ್ತೆ ಕಟ್ಟಿಕೊಳ್ಳುತ್ತಿತ್ತು, ಆಟಗಾರ ಎಷ್ಟು ರಸ್ತೆ ಅಗಲಿಸಿದರೂ ಸಂಚಾರ ಸರಿಹೋಗುತ್ತಿರಲಿಲ್ಲ. ಒಳ್ಳೆಯ ಊರು ಕಟ್ಟಿದರೆ ಚೆನ್ನಾಗಿ ನಡೆಯುತ್ತದೆ ಎಂಬ ಮೂಲ ಒಪ್ಪಂದವೇ ಅಲ್ಲಿ ಸುಳ್ಳಾಯಿತು.

2015ರ ಮಾರ್ಚ್‌ನಲ್ಲಿ ಆ ಗೇಮ್ ಮಾಡಿದ ಎಮರಿವಿಲ್‌ನ ಮ್ಯಾಕ್ಸಿಸ್ ಸ್ಟುಡಿಯೊ ಮುಚ್ಚಿತು. ಅದೇ ತಿಂಗಳು ಫಿನ್ಲೆಂಡಿನ ಕೊಲಾಸಲ್ ಆರ್ಡರ್ ಎಂಬ ಪುಟ್ಟ ತಂಡ ಸಿಟೀಸ್: ಸ್ಕೈಲೈನ್ಸ್ ಎಂಬ ಊರು ಕಟ್ಟುವ ಗೇಮ್ ತಂದಿತು. ದೊಡ್ಡ ಊರು, ಇಂಟರ್ನೆಟ್ ಬೇಡ, ಆಟಗಾರರೇ ಮಾಡ್, ಅಂದರೆ ತಾವು ಮಾಡಿದ ಬದಲಾವಣೆ, ಸೇರಿಸಬಹುದು. ಜನ ಮುಗಿಬಿದ್ದು ಕೊಂಡರು.

ಈ ಇಂಟರ್ನೆಟ್ ಷರತ್ತು ನಮ್ಮ ಜಿಲ್ಲೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ನಗರದಲ್ಲಿ ಕುಳಿತು ಗೇಮ್ ವಿಮರ್ಶೆ ಬರೆಯುವವರು ಯೋಚಿಸುವುದಿಲ್ಲ. ಜೂನ್ ಬಂದರೆ ಇಲ್ಲಿ ತಂತಿಯ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು, ಟವರಿನ ಬ್ಯಾಟರಿ ಮುಗಿದರೆ ಫೋನೂ ಮೂಕ. ಹೊರಗೆ ಕಾಲಿಡಲಾಗದಷ್ಟು ಮಳೆ ಸುರಿಯುವ ಆ ದಿನಗಳೇ ಒಳಗೆ ಕುಳಿತು ಆಡಲು ಹೇಳಿ ಮಾಡಿಸಿದ ದಿನಗಳು. ನಾಪೋಕ್ಲು ಕಡೆಯ ನನ್ನ ಚಿಕ್ಕಪ್ಪನ ಮಗ ಉಳಿಸಿದ ದುಡ್ಡಿನಲ್ಲಿ ಒಂದು ಗೇಮ್ ತಂದಿದ್ದ, ಹೆಸರು ಇಲ್ಲಿ ಬೇಡ. ಡಿಸ್ಕ್ ಹಾಕಿದರೆ ಮತ್ತೂ ಹತ್ತಾರು ಜಿಬಿ ಇಳಿಸಿಕೊಳ್ಳಲು ಹೇಳಿತು. ತೋಟದ ಗೇಟಿನ ಹತ್ತಿರ ಮಾತ್ರ ಸಿಗ್ನಲ್ ಸಿಗುವ ಮನೆ ಅದು. ಅಂತೂ ಇಂತೂ ಇಳಿಸಿಕೊಂಡ. ಮಳೆ ಹಿಡಿದ ಮೇಲೆ ಇನ್ವರ್ಟರ್ ನಂಬಿ ಒಬ್ಬನೇ ಆಡಲು ಕುಳಿತರೆ, ಸರ್ವರ್ ಸಿಗುತ್ತಿಲ್ಲ ಎಂಬ ಫಲಕ ಬಂದು ಆಟ ಹೊರಗೆ ಹಾಕಿತು. ಅದೇ ಮನೆಯಲ್ಲಿ ಅವನ ಅಣ್ಣನ ಕಾಲದ ಹಳೆಯ ಕ್ರಿಕೆಟ್ ಗೇಮ್ ಮಾತ್ರ ಇಂದಿಗೂ ಮಾತಿಲ್ಲದೆ ನಡೆಯುತ್ತದೆ.

ಕೆಟ್ಟದಾಗಿ ಶುರುವಾದ ಎಲ್ಲವನ್ನೂ ನಾನು ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ. 2010ರಲ್ಲಿ ಬಂದು ಮುಗ್ಗರಿಸಿದ ಫೈನಲ್ ಫ್ಯಾಂಟಸಿ 14 ಎಂಬ ಗೇಮನ್ನು ನವೊಕಿ ಯೊಶಿದಾ ಅವರ ತಂಡ ಬುಡದಿಂದ ಮತ್ತೆ ಕಟ್ಟಿ 2013ರಲ್ಲಿ ತಂದಿತು. ನೋ ಮ್ಯಾನ್ಸ್ ಸ್ಕೈ 2016ರಲ್ಲಿ ಹೇಳಿದ್ದನ್ನು ಕೊಡದೆ ಬೈಸಿಕೊಂಡಿತು, ಆಮೇಲೆ ವರ್ಷಗಟ್ಟಲೆ ಉಚಿತವಾಗಿ ಸೇರಿಸುತ್ತಾ ಬಂತು. 2024ರ ಆಗಸ್ಟ್ 23ರಂದು ಬಂದ ಕಾನ್ಕಾರ್ಡ್ ಎಂಬ ಗೇಮನ್ನು ಸೋನಿ ಸೆಪ್ಟೆಂಬರ್ 6ರಂದೇ ನಿಲ್ಲಿಸಿತು, ಆದರೆ ಕೊಂಡವರಿಗೆ ಹಣ ವಾಪಸ್ ಕೊಟ್ಟಿತು. ಅದು ಸೋಲು, ದ್ರೋಹವಲ್ಲ.

ದ್ರೋಹ ಎಂಬ ಮಾತನ್ನು ನಾನು ದ ಕ್ರೂಗೆ ಮೀಸಲಿಡುತ್ತೇನೆ. 2014ರಲ್ಲಿ ಯೂಬಿಸಾಫ್ಟ್ ತಂದ ಈ ಕಾರ್ ಗೇಮಿನಲ್ಲಿ ಅಮೆರಿಕವನ್ನು ಕುಗ್ಗಿಸಿ ಒಂದೇ ನಕ್ಷೆಯಲ್ಲಿ ಇಟ್ಟಿದ್ದರು, ಒಂದು ಕಡಲತೀರದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಗಾಡಿ ಓಡಿಸಬಹುದಿತ್ತು. ಗೇಮ್ ಕೆಟ್ಟದ್ದೇನಲ್ಲ, ಪ್ರೀತಿಸಿ ಆಡಿದವರು ಬಹಳ ಜನ. ಒಬ್ಬರೇ ಆಡುವಾಗಲೂ ಅದಕ್ಕೆ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು, ಆಮೇಲೆ ಕೊಂಡವರ ಖಾತೆಗಳಿಂದ ಅದರ ಪರವಾನಗಿಯನ್ನೇ ಕಿತ್ತುಕೊಳ್ಳಲು ಶುರುಮಾಡಿದರು. ಡಿಸ್ಕ್ ಕೈಯಲ್ಲಿ ಉಳಿಯಿತು, ಡಬ್ಬಿ ಕಪಾಟಿನಲ್ಲಿ ಉಳಿಯಿತು, ಆಟವನ್ನು ಕಂಪನಿ ಉಳಿಸಲಿಲ್ಲ. ಇ.ಟಿ.ಯನ್ನು ಇವತ್ತೂ ಆಡಿ ಅದರ ಪರವಾಗಿ ವಾದ ಮಾಡಬಹುದು, ಬಿಗ್ ರಿಗ್ಸ್‌ನ ಲಾರಿಯನ್ನು ಇವತ್ತೂ ಗುಡ್ಡ ಹತ್ತಿಸಬಹುದು. ದ ಕ್ರೂ ಚೆನ್ನಾಗಿತ್ತು ಎಂದು ನಾನು ಹೇಳಿದರೆ ಅದನ್ನು ಪರೀಕ್ಷಿಸಲು ಕೊಂಡವರಿಗೇ ಕಂಪನಿ ದಾರಿ ಉಳಿಸಲಿಲ್ಲ. ಕೈಲಾಗದೆ ಆದದ್ದಲ್ಲ ಇದು, ಕುಳಿತು ಯೋಚಿಸಿ ಮಾಡಿದ್ದು. ಹಾಗಾಗಿ ಅತಿ ಕೆಟ್ಟ ಗೇಮ್ ಎಂಬ ಪಟ್ಟವನ್ನು ನಾನು ಇದಕ್ಕೇ ಕೊಡುತ್ತೇನೆ.

ಈ ಘಟನೆಯ ಮೇಲೆಯೇ ಯೂಟ್ಯೂಬರ್ ರಾಸ್ ಸ್ಕಾಟ್ ಅವರು 2024ರಲ್ಲಿ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ (ಗೇಮ್‌ಗಳನ್ನು ಕೊಲ್ಲುವುದನ್ನು ನಿಲ್ಲಿಸಿ) ಎಂಬ ಚಳವಳಿ ಶುರುಮಾಡಿದರು. ಮಾರಿದ ಗೇಮನ್ನು ನಿಲ್ಲಿಸುವುದಾದರೆ ಅದು ಆಡುವ ಸ್ಥಿತಿಯಲ್ಲಿ ಉಳಿಯುವಂತೆ ಬಿಟ್ಟು ಹೋಗಿ ಎಂಬುದೇ ಅವರ ಬೇಡಿಕೆ. ಯುರೋಪ್ ಒಕ್ಕೂಟಕ್ಕೆ ಸಲ್ಲಿಸುವ ನಾಗರಿಕರ ಮನವಿಗೆ 2025ರ ಜುಲೈನಲ್ಲಿ ಸಹಿಗಳು 10 ಲಕ್ಷ ದಾಟಿದವು. ಕ್ಯಾಲಿಫೋರ್ನಿಯಾದಲ್ಲಿ ಡಿಜಿಟಲ್ ಗೇಮ್ ಮಾರುವವರು, ನೀವು ಕೊಳ್ಳುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕೆಂಬ ಕಾನೂನು 2025ರಿಂದ ಜಾರಿಯಲ್ಲಿದೆ. ನಮ್ಮಲ್ಲೂ ಡಬ್ಬಿಯ ಮೇಲೆ, ಡೌನ್‌ಲೋಡ್ ಪುಟದ ಮೇಲೆ, ಎರಡು ಸಾಲು ಕಡ್ಡಾಯವಾಗಬೇಕು: ಈ ಗೇಮ್ ಇಂಟರ್ನೆಟ್ ಇಲ್ಲದೆ ನಡೆಯುತ್ತದೆಯೇ ಇಲ್ಲವೇ, ನಡೆಯದಿದ್ದರೆ ಸರ್ವರನ್ನು ಕನಿಷ್ಠ ಯಾವ ವರ್ಷದವರೆಗೆ ಇಡುತ್ತೀರಿ. ಅಲ್ಲಿಯವರೆಗೆ ಮಡಿಕೇರಿಯಲ್ಲಾಗಲಿ ಗೋಣಿಕೊಪ್ಪದಲ್ಲಾಗಲಿ ಮಕ್ಕಳಿಗೆ ಗೇಮ್ ಕೊಳ್ಳುವ ಮೊದಲು ಈ ಎರಡು ಪ್ರಶ್ನೆಗಳನ್ನು ನೀವೇ ಕೇಳಿ, ಉತ್ತರ ಬಾರದಿದ್ದರೆ ಕೊಳ್ಳದೆ ಬನ್ನಿ.