ಕಂಚಿನ ಕನ್ನಡಿಯಲ್ಲಿ ಕಂಡ ಸುರುಳಿ

ಕೇಳುಗರಿಗೆ ನಮಸ್ಕಾರ.

1842ನೆಯ ಇಸವಿಯ ಏಪ್ರಿಲ್ 13ರ ರಾತ್ರಿ, ಐರ್ಲೆಂಡಿನ ಒಳನಾಡಿನಲ್ಲಿ, ಜೌಗು ಬಯಲುಗಳ ಅಂಚಿಗಿರುವ ಪಾರ್ಸನ್ಸ್‌ಟೌನ್ ಎಂಬ ಸಣ್ಣ ಊರಿನ ಕೋಟೆಮನೆಯ ಆವರಣದಲ್ಲಿ ಮೂರು ಕುಲುಮೆಗಳು ಏಕಕಾಲಕ್ಕೆ ಉರಿಯುತ್ತಿದ್ದವು. ಉರುವಲು ಕಲ್ಲಿದ್ದಲಲ್ಲ, ಆ ಸೀಮೆಯವರು ಜೌಗುನೆಲದಿಂದ ಇಟ್ಟಿಗೆಗಳಂತೆ ಕಡಿದು ತೆಗೆದು, ಒಣಗಿಸಿ, ಒಲೆಗೆ ಹಾಕುವ ಪೀಟ್ ಎಂಬ ಕರಿಮಣ್ಣು. ಕುಲುಮೆಗಳೊಳಗಿನ ಬೀಡುಕಬ್ಬಿಣದ ಮೂಸೆಗಳಲ್ಲಿ ಟನ್ನುಗಟ್ಟಲೆ ತಾಮ್ರವೂ ತವರವೂ ಕರಗಿ ಒಂದಾಗಿದ್ದವು. ಆರ್ಮಾ ವೀಕ್ಷಣಾಲಯದ ಖಗೋಳಜ್ಞ ಥಾಮಸ್ ರಾಮ್ನಿ ರಾಬಿನ್ಸನ್ ಅಂದು ಅಲ್ಲಿದ್ದರು. ಮೇಲೆ ಬೆಳುದಿಂಗಳು ಮತ್ತು ನಕ್ಷತ್ರ, ಕೆಳಗೆ ಕಂಬದಂತೆ ಎದ್ದು ನಿಂತ ಹಳದಿ ಜ್ವಾಲೆ, ಎತ್ತುಗವನ್ನು ತಿರುಗಿಸಿದಾಗ ಗಾಳಿಯಲ್ಲಿ ತೇಲಿ ಬಂದ ಮೂಸೆಗಳಿಂದ ಚಿಮ್ಮುತ್ತಿದ್ದ ಕೆಂಬೆಳಕು, ಆ ಬೆಳಕು ಬಿದ್ದು ಬಣ್ಣ ಬದಲಾಯಿಸುತ್ತಿದ್ದ ಕೋಟೆಯ ಗೋಡೆಗಳು, ಇವನ್ನೆಲ್ಲ ಅವರು ಮೈಮರೆತವರಂತೆ ಬಣ್ಣಿಸಿದ್ದಾರೆ. ಮೂರೂ ಮೂಸೆಗಳನ್ನು ಬಾಗಿಸಿ ಲೋಹವನ್ನು ಅಚ್ಚಿಗೆ ಸುರಿದಾಗ ಮೈದಳೆದದ್ದು ಆರು ಅಡಿ ಅಡ್ಡಳತೆಯ, ಮೂರು ಟನ್ ಆಸುಪಾಸಿನ ತೂಕದ ಒಂದು ಕನ್ನಡಿ. ಅಷ್ಟು ದೊಡ್ಡ ಕನ್ನಡಿಯುಳ್ಳ ದೂರದರ್ಶಕವನ್ನು ಅದುವರೆಗೆ ಯಾರೂ ಕಟ್ಟಿರಲಿಲ್ಲ.

ಈ ಕೆಲಸದ ಯಜಮಾನ ವಿಲಿಯಂ ಪಾರ್ಸನ್ಸ್. ಹುಟ್ಟಿದ್ದು 1800ರಲ್ಲಿ, ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ. ಡಬ್ಲಿನ್‌ನಲ್ಲೂ ಆಕ್ಸ್‌ಫರ್ಡ್‌ನಲ್ಲೂ ಓದಿ, ಗಣಿತದಲ್ಲಿ ಪ್ರಥಮ ದರ್ಜೆ ಪಡೆದವರು; ಇಪ್ಪತ್ತೊಂದರ ಹರೆಯದಲ್ಲೇ ಪಾರ್ಲಿಮೆಂಟಿನ ಸದಸ್ಯರೂ ಆದವರು. ಹದಿಮೂರು ವರ್ಷ ಆ ಸ್ಥಾನದಲ್ಲಿದ್ದು 1834ರಲ್ಲಿ ಅದನ್ನು ಬಿಟ್ಟರು. ತಂದೆಯ ಮರಣಾನಂತರ, 1841ರಲ್ಲಿ, ಮೂರನೆಯ ಅರ್ಲ್ ಆಫ್ ರಾಸ್ ಎಂಬ ಮನೆತನದ ಪದವಿ ಅವರಿಗೆ ಬಂತು. ಆ ಹೊತ್ತಿಗೆ ಅವರು ಕನ್ನಡಿ ಎರಕದ ಕೆಲಸದಲ್ಲಿ ಹದಿನೈದು ವರ್ಷ ಕೈ ಮಸಿ ಮಾಡಿಕೊಂಡಿದ್ದರು. ಕೈ ಮಸಿ ಎಂಬ ಮಾತನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಲಂಡನ್ನಿನ ಉಪಕರಣ ತಯಾರಕರಿಗೆ ಹಣ ಕೊಟ್ಟು ದೂರದರ್ಶಕ ಮಾಡಿಸಿಕೊಳ್ಳುವ ಶಕ್ತಿ ಅವರಿಗಿತ್ತು. ಅದರ ಬದಲು ಅವರು ತಮ್ಮ ಜಮೀನಿನ ಆಳುಗಳಿಗೇ ಎರಕ, ಕಮ್ಮಾರಿಕೆ, ಮರಗೆಲಸಗಳನ್ನು ಕಲಿಸಿ, ತಾವೂ ಅಂಗಿಯ ತೋಳು ಮಡಚಿ ಅವರ ನಡುವೆ ನಿಂತರು. ಇದಕ್ಕೆ ಬೇಕಾದ ಹಣದ ದೊಡ್ಡ ಪಾಲು 1836ರಲ್ಲಿ ಅವರನ್ನು ಮದುವೆಯಾದ ಮೇರಿ ಫೀಲ್ಡ್ ಅವರ ತವರಿನ ಆಸ್ತಿಯಿಂದ ಬಂತು. ಹಣ ತಂದವರು ಎಂದಷ್ಟೇ ಆಕೆಯನ್ನು ನೆನೆದರೆ ಅನ್ಯಾಯವಾದೀತು. ಕಬ್ಬಿಣದ ಕೆಲಸ ಬಲ್ಲ ಆಕೆ ಐರ್ಲೆಂಡಿನ ಆರಂಭಕಾಲದ ಛಾಯಾಗ್ರಾಹಕರಲ್ಲಿ ಒಬ್ಬರು. ದೈತ್ಯ ದೂರದರ್ಶಕ ಹೊಸದಾಗಿದ್ದಾಗ ಹೇಗಿತ್ತೆಂದು ನಾವಿಂದು ನೋಡುವುದು ಆಕೆ ತೆಗೆದ ಚಿತ್ರಗಳಲ್ಲಿ.

ಇನ್ನು ಕನ್ನಡಿಯ ಲೋಹದ ವಿಚಾರಕ್ಕೆ ಬರುತ್ತೇನೆ; ಈ ಕಥೆಯ ತಿರುಳಿರುವುದು ಅಲ್ಲಿಯೇ ಎಂದು ನನ್ನ ಎಣಿಕೆ. ಗಾಜಿನ ಮೇಲೆ ಬೆಳ್ಳಿಯ ತೆಳುಲೇಪ ಕೊಟ್ಟು ದೂರದರ್ಶಕದ ಕನ್ನಡಿ ಮಾಡುವ ವಿಧಾನ ಆಗ ಇನ್ನೂ ಬಳಕೆಗೆ ಬಂದಿರಲಿಲ್ಲ. ಆದ್ದರಿಂದ ಲೋಹವನ್ನೇ ಉಜ್ಜಿ ಬಿಂಬ ಹಿಡಿಯುವಂತೆ ಮಾಡಬೇಕಿತ್ತು. ಅದಕ್ಕೆ ಒದಗುವುದು ಸುಮಾರು ಎರಡು ಪಾಲು ತಾಮ್ರಕ್ಕೆ ಒಂದು ಪಾಲು ತವರ ಸೇರಿಸಿದ ಮಿಶ್ರಲೋಹ. ಕೇರಳದ ಆರನ್ಮುಳದಲ್ಲಿ ಇಂದಿಗೂ ಎರಕ ಹೊಯ್ಯುವ ಹೆಸರಾಂತ ಲೋಹದ ಕನ್ನಡಿಯಲ್ಲಿರುವುದೂ ಹೆಚ್ಚುಕಡಿಮೆ ಇದೇ ಪ್ರಮಾಣ. ಕಂಚುಗಾರರು ತಟ್ಟೆ ಬಟ್ಟಲುಗಳಿಗೆ ಬಳಸುವ ಕಂಚಿನಲ್ಲಿ ತವರ ಐದನೆಯ ಒಂದು ಪಾಲಿನಷ್ಟಿದ್ದು, ಕೆಂಪಗೆ ಕಾಯಿಸಿ ಬಡಿದರೆ ಅದು ಹೇಳಿದ ಮಾತು ಕೇಳುತ್ತದೆ. ತವರವನ್ನು ಮೂರನೆಯ ಒಂದು ಪಾಲಿಗೆ ಏರಿಸಿದರೆ ಲೋಹ ಬೆಳ್ಳಿಯಂತೆ ಬೆಳ್ಳಗಾಗಿ ಅಪೂರ್ವವಾದ ಹೊಳಪನ್ನು ಪಡೆಯುತ್ತದೆ, ಆದರೆ ಅದರ ಜೊತೆಗೆ ಗಾಜಿಗಿಂತಲೂ ಪೆಡಸಾಗುತ್ತದೆ. ಬಿಸಿಯಿದ್ದಾಗ ತಣ್ಣೀರಿನ ಹನಿ ಸಿಡಿದರೆ ಸಾಕು, ಬಿರುಕು ಬಿಟ್ಟಿತೆಂದೇ ಅರ್ಥ. ಅಂಗೈಯಗಲದ ಆರನ್ಮುಳ ಕನ್ನಡಿ ಎರಕದಲ್ಲೇ ಒಡೆದುಹೋಗುವುದುಂಟೆಂದರೆ, ಆರು ಅಡಿಯದನ್ನು ಹೊಯ್ಯುವ ಪಾಡನ್ನು ಊಹಿಸಿಕೊಳ್ಳಬಹುದು.

ಪಾರ್ಸನ್ಸ್ ಮೊದಮೊದಲು ಸಣ್ಣ ಸಣ್ಣ ತುಂಡುಗಳನ್ನು ಹಿತ್ತಾಳೆಯಂಥ ಲೋಹದ ಹಿಂಬದಿಗೆ ಬೆಸುಗೆ ಹಾಕಿ ಕೂಡಿಸಿ ನೋಡಿದರು. ಆಮೇಲೆ ಅವರಿಗೆ ಹೊಳೆದ ಉಪಾಯವೇ ಬೇರೆ. ಅಚ್ಚಿನ ತಳವನ್ನು ಅವರು ಮರಳಿನಿಂದ ಮಾಡಲಿಲ್ಲ; ಕಬ್ಬಿಣದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದರ ಪಕ್ಕ ಒಂದನ್ನು ಒತ್ತೊತ್ತಾಗಿ ಕಟ್ಟಿದರು. ಪಟ್ಟಿಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಲೋಹದೊಳಗಿನ ಗಾಳಿ ಹೊರಗೆ ಹೋಗುತ್ತಿತ್ತು, ಲೋಹ ಮಾತ್ರ ಇಳಿಯುತ್ತಿರಲಿಲ್ಲ. ಕಬ್ಬಿಣ ಶಾಖವನ್ನು ಬೇಗನೆ ಹೀರುವುದರಿಂದ ಎರಕ ತಳದಿಂದ ಮೇಲಕ್ಕೆ ಕ್ರಮವಾಗಿ ಗಟ್ಟಿಯಾಗುತ್ತಿತ್ತು. ಪಕ್ಕ ಮೊದಲು, ನಡು ಆಮೇಲೆ ಎಂದು ಒಂದರೊಡನೊಂದು ಜಗ್ಗಾಡಿ ಸೀಳುವ ಭಯ ಕಡಿಮೆಯಾಗುತ್ತಿತ್ತು. ಗಟ್ಟಿಯಾದ ಬಿಲ್ಲೆಯನ್ನು ಕೆಂಪಗಿರುವಾಗಲೇ ಕಾಯಿಸಿಟ್ಟ ಗೂಡಿನೊಳಕ್ಕೆ ಎಳೆದು, ಬಾಗಿಲು ಮುಚ್ಚಿ, ಹದಿನಾರು ವಾರ ತಣಿಯಲು ಬಿಟ್ಟರು. ನಾಲ್ಕು ತಿಂಗಳ ಕಾಲ ಒಳಗೇನಾಗಿದೆಯೋ ಎಂದು ತಿಳಿಯದೆ, ಬಾಗಿಲು ತೆರೆಯಲೂ ಆಗದೆ ಕಾದ ಆ ಮನುಷ್ಯನ ತಾಳ್ಮೆಯನ್ನು ನೆನೆದರೆ ನನಗೆ ಎರಕದ ರಾತ್ರಿಗಿಂತ ಹೆಚ್ಚು ಬೆರಗಾಗುತ್ತದೆ. ಒಟ್ಟು ಐದು ಬಾರಿ ಎರಕ ಹೊಯ್ದದ್ದರಲ್ಲಿ ಕೆಲಸಕ್ಕೆ ಬಂದವು ಎರಡು. ಎರಡಾದರೂ ಬೇಕೇ ಇತ್ತು. ಐರ್ಲೆಂಡಿನ ತೇವದ ಗಾಳಿಗೆ ಈ ಲೋಹ ಬಹುಬೇಗ ಮಸುಕಾಗುವುದರಿಂದ, ಒಂದು ಕೊಳವೆಯಲ್ಲಿದ್ದಾಗ ಇನ್ನೊಂದನ್ನು ಮತ್ತೆ ಉಜ್ಜಿ ಸಿದ್ಧಮಾಡಬೇಕಾಗಿತ್ತು.

ಉಜ್ಜುವುದಕ್ಕೆ ಉಗಿಯಂತ್ರವೊಂದನ್ನು ಹೂಡಿದ್ದರು. ಕನ್ನಡಿ ನೀರಿನ ತೊಟ್ಟಿಯಲ್ಲಿ ಕುಳಿತು ಮೆಲ್ಲನೆ ಸುತ್ತುತ್ತಿತ್ತು, ಮೇಲಿನ ಉಜ್ಜುಫಲಕ ಹಿಂದಕ್ಕೂ ಮುಂದಕ್ಕೂ ಪಕ್ಕಕ್ಕೂ ಅಳತೆ ತಪ್ಪದೆ ಜರುಗುತ್ತಿತ್ತು. ಕನ್ನಡಿ ಅಂಚಿಗಿಂತ ನಡುವಿನಲ್ಲಿ ಒಂದಿಷ್ಟು ಹೆಚ್ಚು ಆಳವಾಗಿ, ಪರವಲಯದ ಆಕಾರಕ್ಕೆ ಬಂದರೆ ಮಾತ್ರ ನಕ್ಷತ್ರದ ಬೆಳಕು ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಹಿಂದಿನ ತಲೆಮಾರಿನ ಖಗೋಳಜ್ಞ ವಿಲಿಯಂ ಹರ್ಷೆಲ್ ನಾಲ್ಕು ಅಡಿಯ ಕನ್ನಡಿಯವರೆಗೆ ಹೋಗಿದ್ದರಾದರೂ ತಮ್ಮ ಉಜ್ಜುವ ವಿಧಾನವನ್ನು ಎಲ್ಲಿಯೂ ಪ್ರಕಟಿಸಲಿಲ್ಲ. ಅದು ಅವರ ಜೀವನೋಪಾಯವೂ ಆಗಿತ್ತು. ಪಾರ್ಸನ್ಸ್ 1828ರಿಂದಲೇ ತಮ್ಮ ಯಂತ್ರ, ಲೋಹದ ಪ್ರಮಾಣ, ತಪ್ಪಿದ ಎರಕಗಳ ವಿವರ, ಎಲ್ಲವನ್ನೂ ಪತ್ರಿಕೆಗಳಲ್ಲಿ ಬಿಚ್ಚಿಟ್ಟರು. ಹಣದ ಹಂಗಿಲ್ಲದವರಿಗೆ ಅದು ಸುಲಭ ಎನ್ನಬಹುದು. ಹಂಗಿಲ್ಲದಿದ್ದರೂ ಬಚ್ಚಿಟ್ಟುಕೊಂಡವರು ಲೋಕದಲ್ಲಿ ಕಡಿಮೆಯೇನಿಲ್ಲ.

ಕನ್ನಡಿಗೆ ತಕ್ಕ ಕೊಳವೆಯೂ ಬೇಕಲ್ಲವೇ? ಪೀಪಾಯಿ ಕಟ್ಟುವ ರೀತಿಯಲ್ಲಿ ಮರದ ಹಲಗೆಗಳನ್ನು ಜೋಡಿಸಿ, ಕಬ್ಬಿಣದ ಬಳೆಗಳನ್ನು ಬಿಗಿದು, ಐವತ್ತಕ್ಕೂ ಹೆಚ್ಚು ಅಡಿ ಉದ್ದದ, ಆಳೊಬ್ಬ ನೆಟ್ಟಗೆ ನಡೆದುಹೋಗಬಹುದಾದ ಕೊಳವೆಯನ್ನು ಕಟ್ಟಿದರು. ಇಂಗ್ಲೆಂಡಿನ ಈಲಿಯ ಚರ್ಚಿನಲ್ಲಿ ಡೀನ್ ಎಂಬ ಹಿರಿಯ ಪಾದ್ರಿಯಾಗಿದ್ದ ಗಣಿತಜ್ಞ ಜಾರ್ಜ್ ಪೀಕಾಕ್ ಬಿಚ್ಚಿದ ಕೊಡೆ ಹಿಡಿದು ಅದರೊಳಗೆ ಈ ತುದಿಯಿಂದ ಆ ತುದಿಗೆ ನಡೆದರೆಂದು ಹೇಳುತ್ತಾರೆ. ಉತ್ತರ ದಕ್ಷಿಣವಾಗಿ ಎಬ್ಬಿಸಿದ, ಎಪ್ಪತ್ತು ಅಡಿ ಉದ್ದದ ಎರಡು ಕಲ್ಲಿನ ಗೋಡೆಗಳ ನಡುವೆ ಸರಪಣಿಗಳಿಂದ ಅದನ್ನು ತೂಗುಹಾಕಿದ್ದರು. ಕೊಳವೆ ಮೇಲೆ ಕೆಳಗೆ ಧಾರಾಳವಾಗಿ ಆಡುತ್ತಿತ್ತು, ಆದರೆ ಗೋಡೆಗಳು ಅಡ್ಡವಿದ್ದುದರಿಂದ ಪೂರ್ವ ಪಶ್ಚಿಮಗಳಿಗೆ ಅದು ತಿರುಗುವುದು ಅಷ್ಟಕ್ಕಷ್ಟೆ. ಆಕಾಶದ ವಿಷುವದ್ವೃತ್ತದ ಹತ್ತಿರದ ನಕ್ಷತ್ರವನ್ನು ಸುಮಾರು ಒಂದು ಗಂಟೆ ಹಿಂಬಾಲಿಸಬಹುದಿತ್ತು. ಆಮೇಲೆ ಅದು ಗೋಡೆಯ ಮರೆಗೆ ಸರಿಯುತ್ತಿತ್ತು. ನೋಡುವವರು ನಿಲ್ಲಬೇಕಾದದ್ದು ಕೊಳವೆಯ ಮೇಲ್ತುದಿಯಲ್ಲಿ, ನೆಲದಿಂದ ಹಲವು ಆಳೆತ್ತರದ ಮರದ ಅಟ್ಟಣಿಗೆಯ ಮೇಲೆ, ಕತ್ತಲಲ್ಲಿ, ಚಳಿಯಲ್ಲಿ. ಸಹಾಯಕರು ಕೆಳಗೆ ರಾಟೆ ತಿರುಗಿಸುತ್ತ ಮೇಲಿನವರ ಕೂಗಿಗೆ ಕಿವಿಗೊಟ್ಟು ನಿಂತಿರುತ್ತಿದ್ದರು. ಬೈಬಲಿನ ಕಡಲ ದೈತ್ಯಪ್ರಾಣಿಯ ಹೆಸರಿನಿಂದ ಜನ ಇದನ್ನು ಪಾರ್ಸನ್ಸ್‌ಟೌನಿನ ಲೆವಯಥನ್ ಎಂದು ಕರೆದರು.

1845ರ ಫೆಬ್ರವರಿಯಲ್ಲಿ ಅದರಿಂದ ಮೊದಲ ಬಾರಿಗೆ ಆಕಾಶವನ್ನು ನೋಡಿದರು. ಏಪ್ರಿಲ್ ತಿಂಗಳಲ್ಲಿ ಕೊಳವೆಯನ್ನು ತಿರುಗಿಸಿದ್ದು ಸಪ್ತರ್ಷಿ ಮಂಡಲದ ಬಾಲದ ತುದಿಯ ಮರೀಚಿಗೆ ಸಮೀಪದ ಒಂದು ಮಸುಕು ಮಚ್ಚೆಯತ್ತ. ಫ್ರಾನ್ಸಿನ ಖಗೋಳಜ್ಞ ಮೆಸ್ಸಿಯೇ 1773ರಲ್ಲಿ ಗುರುತಿಸಿ, ತಮ್ಮ ಪಟ್ಟಿಯಲ್ಲಿ 51ನೆಯ ಸಂಖ್ಯೆ ಕೊಟ್ಟಿದ್ದ ನೀಹಾರಿಕೆ ಅದು. ವಿಲಿಯಂ ಹರ್ಷೆಲರ ಮಗ ಜಾನ್ ಹರ್ಷೆಲ್ ತಮ್ಮ ಸಣ್ಣ ದೂರದರ್ಶಕದಲ್ಲಿ ನೋಡಿ, ನಡುವೆ ಒಂದು ಉಂಡೆ, ಸುತ್ತ ಒಂದು ಬಳೆ ಎಂದು ಬರೆದಿದ್ದರು. ರಾಸ್ ಪದವಿಯ ನಮ್ಮ ಪಾರ್ಸನ್ಸ್ ಅವರ ಕಣ್ಣಿಗೆ ಬಳೆ ಕಾಣಲಿಲ್ಲ. ನಡುವಿನಿಂದ ಹೊರಟು ಸುತ್ತಿಕೊಳ್ಳುತ್ತ ಹೋಗುವ ತೋಳುಗಳು, ಒಂದು ತೋಳಿನ ತುದಿಗೆ ತಾಗಿದಂತಿರುವ ಇನ್ನೊಂದು ಉಂಡೆ, ಮಡುವಿನಲ್ಲಿ ನೀರು ಸುಳಿಗಟ್ಟಿದ ಹಾಗೆ. ಛಾಯಾಗ್ರಹಣ ಅಂಥ ಮಸುಕು ಬೆಳಕನ್ನು ಹಿಡಿಯುವಷ್ಟು ಬೆಳೆದಿರಲಿಲ್ಲವಾದ್ದರಿಂದ ಕಂಡದ್ದನ್ನು ಕೈಯಿಂದಲೇ ಬರೆಯಬೇಕಿತ್ತು. ಆ ಚಿತ್ರವನ್ನು ಅದೇ ಜೂನ್ ತಿಂಗಳಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಬ್ರಿಟಿಷ್ ವಿಜ್ಞಾನ ಸಂಘದ ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿದರು. ಆ ವರ್ಷ ಸಭೆಯ ಅಧ್ಯಕ್ಷರು ಜಾನ್ ಹರ್ಷೆಲ್ ಅವರೇ. ಇಂದಿನ ಛಾಯಾಚಿತ್ರದ ಪಕ್ಕದಲ್ಲಿಟ್ಟರೂ ಆ ಚಿತ್ರ ನಾಚಬೇಕಾಗಿಲ್ಲ. ಅದು ಕೋಟ್ಯಂತರ ಜ್ಯೋತಿರ್ವರ್ಷಗಳ ದೂರದ ಮತ್ತೊಂದು ಗೆಲಾಕ್ಸಿಯೆಂದು ಅವರಾರಿಗೂ ಗೊತ್ತಿರಲಿಲ್ಲ. ಅದು ತೀರ್ಮಾನವಾಗಲು 1920ರ ದಶಕ ಬರಬೇಕಾಯಿತು.

ಈ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಹೊಲಗಳಿಗೆ ಅಂಗಮಾರಿ ಬಡಿಯಿತು. ಬಡವರು ಆ ಒಂದು ಬೆಳೆಯನ್ನೇ ನೆಚ್ಚಿಕೊಂಡಿದ್ದ ನಾಡು ಅದು. ಮುಂದಿನ ಐದಾರು ವರ್ಷಗಳಲ್ಲಿ ಹಸಿವಿನಿಂದಲೂ ಜ್ವರದಿಂದಲೂ ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ದೂರದರ್ಶಕದ ಕೆಲಸ ಬಹುಮಟ್ಟಿಗೆ ನಿಂತು, 1848ರ ಸುಮಾರಿಗೆ ಮತ್ತೆ ಕುದುರಿತು. ರಾಸ್ ದಂಪತಿಗಳು ಕೋಟೆಯ ಸುತ್ತ ಕಂದಕ, ತೋಟಗಳ ಕೆಲಸ ತೆಗೆದು ನೂರಾರು ಜನಕ್ಕೆ ಕೂಲಿ ಕೊಟ್ಟರೆಂಬುದು ದಿಟ. ಕನ್ನಡಿಗೆ, ಗೋಡೆಗೆ, ಕೊಳವೆಗೆ ಸುರಿದದ್ದು ಸುಮಾರು 12,000 ಪೌಂಡು ಎನ್ನುತ್ತಾರೆ. ಆ ಸಂಸ್ಥಾನದ ಆದಾಯದಲ್ಲಿ ಗೇಣಿದಾರರು ಕಟ್ಟಿದ ಗೇಣಿಯೂ ಇತ್ತೆಂಬುದೂ ಅಷ್ಟೇ ದಿಟ. ಇವೆರಡನ್ನೂ ಒಟ್ಟಿಗೇ ಹೇಳಬೇಕಾಗುತ್ತದೆ.

ದೂರದರ್ಶಕವನ್ನು ಕಟ್ಟಿದ್ದರ ಹಿಂದೆ ಒಂದು ವಾದವಿತ್ತು. ನೀಹಾರಿಕೆಗಳೆಲ್ಲ ದೂರದ ನಕ್ಷತ್ರಗಳ ಗುಂಪುಗಳೇ, ಕನ್ನಡಿ ಸಾಕಷ್ಟು ದೊಡ್ಡದಾದರೆ ಬಿಡಿಬಿಡಿಯಾಗಿ ಕಾಣುತ್ತವೆ ಎನ್ನುವವರು ಒಂದು ಕಡೆ. ಕೆಲವಾದರೂ ನಿಜವಾಗಿ ಹೊಳೆಯುವ ಅನಿಲ, ಅದರಿಂದಲೇ ಸೂರ್ಯರೂ ಗ್ರಹಗಳೂ ಮೂಡುತ್ತವೆ ಎನ್ನುವವರು ಇನ್ನೊಂದು ಕಡೆ. ಮಹಾವ್ಯಾಧ (ಒರಾಯನ್) ಎಂಬ ನಕ್ಷತ್ರಪುಂಜದ ಖಡ್ಗದಲ್ಲಿರುವ ದೊಡ್ಡ ನೀಹಾರಿಕೆಯೇ ಈ ವಾದದ ಕಣ. 1846ರಲ್ಲಿ ಅದನ್ನು ನೋಡಿದ ರಾಸ್, ಅದು ನಕ್ಷತ್ರಗಳಾಗಿ ಬಿಡಿಸಿಕೊಳ್ಳುತ್ತದೆಂಬುದರಲ್ಲಿ ಸಂದೇಹವಿಲ್ಲ ಎಂಬಂತೆ ಪತ್ರ ಬರೆದರು. ಅವರು ಸುಳ್ಳು ಹೇಳಲಿಲ್ಲ. ಆ ಮಬ್ಬಿನ ನಡುವೆ ಎಳೆಯ ನಕ್ಷತ್ರಗಳು ನಿಜವಾಗಿಯೂ ಕಿಕ್ಕಿರಿದಿವೆ. ಅವುಗಳಲ್ಲಿ ಕೆಲವನ್ನು ಕಂಡು, ಉಳಿದ ಮಬ್ಬೂ ಅದೇ ಇರಬೇಕೆಂದು ಕಣ್ಣು ತೀರ್ಮಾನಿಸಿಬಿಟ್ಟಿತು. ಸುರುಳಿಯನ್ನು ನಿರೀಕ್ಷಿಸದೆ ನೋಡಿದಾಗ ಕನ್ನಡಿ ಇದ್ದದ್ದನ್ನು ತೋರಿಸಿತ್ತು. ನಕ್ಷತ್ರವನ್ನು ನಿರೀಕ್ಷಿಸಿ ನೋಡಿದಾಗ ಅದೇ ಕನ್ನಡಿ ಬೇಕಾದದ್ದನ್ನು ತೋರಿಸಿತು. 1864ರ ಆಗಸ್ಟಿನಲ್ಲಿ ಲಂಡನ್ನಿನ ವಿಲಿಯಂ ಹಗಿನ್ಸ್ ಎಂಟು ಅಂಗುಲದ ಮಸೂರಕ್ಕೆ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕವನ್ನು ಜೋಡಿಸಿ ಬೇರೊಂದು ನೀಹಾರಿಕೆಯನ್ನು ನೋಡಿದರು. ನಕ್ಷತ್ರದ ಬೆಳಕಿನಂತೆ ಬಣ್ಣಗಳ ಪಟ್ಟಿ ಕಾಣದೆ, ಬಿಡಿಯಾದ ಹೊಳೆವ ಗೆರೆಗಳಷ್ಟೇ ಕಂಡವು. ಅದು ಅನಿಲ. ಮಹಾವ್ಯಾಧನದೂ ಅನಿಲವೇ ಎಂದು ಬೇಗನೆ ಖಚಿತವಾಯಿತು. ಆರು ಅಡಿಯ ಕನ್ನಡಿಯಿಂದ ಬಗೆಹರಿಯದ ವಾದವನ್ನು ಎಂಟು ಅಂಗುಲದ ಮಸೂರ ಮುಗಿಸಿದ್ದನ್ನು ನೋಡಿಯೇ ರಾಸ್ 1867ರಲ್ಲಿ ತೀರಿಕೊಂಡರು.

ಆ ಅಟ್ಟಣಿಗೆಯ ಮೇಲೆ ಚಳಿಯಲ್ಲಿ ನಿಂತ ಸಹಾಯಕರ ಪೈಕಿ ಜಾನ್‌ಸ್ಟನ್ ಸ್ಟೋನಿ ಮುಂದೆ ಎಲೆಕ್ಟ್ರಾನ್ ಎಂಬ ಹೆಸರನ್ನು ಟಂಕಿಸಿದರು. ಅವರಲ್ಲಿ ಇನ್ನೊಬ್ಬರಾದ ಡ್ರೇಯರ್ 1888ರಲ್ಲಿ ಪ್ರಕಟಿಸಿದ ನೀಹಾರಿಕೆಗಳ ಪಟ್ಟಿಯ ಸಂಖ್ಯೆಗಳನ್ನು ಖಗೋಳಜ್ಞರು ಇಂದಿಗೂ ಬಳಸುತ್ತಾರೆ. ಕುಲುಮೆಯ ನೆರಳಿನಲ್ಲಿ ಬೆಳೆದ ಕಿರಿಯ ಮಗ ಚಾರ್ಲ್ಸ್ 1884ರಲ್ಲಿ ಉಗಿ ಟರ್ಬೈನನ್ನು ರೂಪಿಸಿದ. 1917ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ನಿನಲ್ಲಿ ನೂರು ಅಂಗುಲದ ಕನ್ನಡಿ ಕೆಲಸ ಆರಂಭಿಸುವವರೆಗೂ ಇದಕ್ಕಿಂತ ದೊಡ್ಡದು ಎಲ್ಲಿಯೂ ಬಳಕೆಗೆ ಬರಲಿಲ್ಲ. ಆದರೆ ಅಷ್ಟರಲ್ಲಿ ಲೆವಯಥನ್ನಿನ ಭಾಗಗಳನ್ನು ಕಳಚಿ ಆಗಿತ್ತು. ಒಂದು ಕನ್ನಡಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯ ಸೇರಿತ್ತು. 1990ರ ದಶಕದಲ್ಲಿ ದೂರದರ್ಶಕವನ್ನು ಮತ್ತೆ ಕಟ್ಟಿ ನಿಲ್ಲಿಸಿದಾಗ ಅದಕ್ಕೆ ಅಲ್ಯೂಮಿನಿಯಂ ಕನ್ನಡಿ ಕೂರಿಸಿದರು.

ಊರಿನ ಹೆಸರು ಈಗ ಬಿರ್. ಅಲ್ಲಿನ ಮೋಡ ಮಾತ್ರ ಬದಲಾಗಿಲ್ಲ. ಒಳ್ಳೆಯ ರಾತ್ರಿಗಾಗಿ ರಾಸ್ ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಅದೇ ಕೋಟೆಮನೆಯ ಹುಲ್ಲುಗಾವಲಿನಲ್ಲಿ 2017ರಿಂದ ಒಂದು ರೇಡಿಯೋ ದೂರದರ್ಶಕವಿದೆ. ಯೂರೋಪಿನುದ್ದಕ್ಕೂ ಹರಡಿರುವ ಆಂಟೆನಾ ಜಾಲದ ಒಂದು ನೆಲೆ ಅದು. ಕನ್ನಡಿಯಿಲ್ಲ, ಕೊಳವೆಯಿಲ್ಲ, ಮೋಡದ ಚಿಂತೆಯೂ ಇಲ್ಲ. ಸುಮಾರು 10ರಿಂದ 240 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ಅದು ಆಲಿಸುತ್ತದೆ. ನಡುವೆ 90ರಿಂದ 110ರವರೆಗಿನ ಪಟ್ಟಿಯನ್ನು ಮಾತ್ರ ಬಿಟ್ಟುಬಿಡುತ್ತದೆ. ಆ ಪಟ್ಟಿಯಲ್ಲಿ ನಮ್ಮಂಥ ಎಫ್.ಎಂ. ಬಾನುಲಿಯವರ ಮಾತು ತುಂಬಿಕೊಂಡಿರುವುದರಿಂದ ಆಕಾಶದ ಸದ್ದು ಕೇಳಿಸುವುದಿಲ್ಲ.

ನಮಸ್ಕಾರ.